ಎಡಗಣ್ಣಿಗೆ ಕಚ್ಚಿದ ಸೊಳ್ಳೆ

ಸೊಳ್ಳೆ ಕಚ್ಚಿದ ಜಾಗಕ್ಕೆ ಏನು ಹಚ್ಚಬೇಕೆಂದು ತಿಳಿಯದ ಮನುಷ್ಯ ನಂಜನಗೂಡಿನಲ್ಲಿ ಸಿಗುವುದಿಲ್ಲ. ಒಬ್ಬನಿದ್ದೆ, ನಾನು. ನನಗೆ ಸೊಳ್ಳೆ ಕಚ್ಚುತ್ತಿರಲಿಲ್ಲ. ಮನೆಯ ಹಿಂದೆಯೇ ಚರಂಡಿ, ಬೀದಿಯವರೆಲ್ಲ ಸಂಜೆಯಾದರೆ ಕಾಲು ಕೆರೆದುಕೊಳ್ಳುತ್ತ ಕೂರುತ್ತಿದ್ದರು. ನಾನು ಮಾತ್ರ ಹಾಯಾಗಿ ಮಲಗಿ ಏಳುತ್ತಿದ್ದೆ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲಾರಿ ತೂಗುವ ನನಗೆ ಹೇಳಿಕೊಳ್ಳುವಂಥ ಅರ್ಹತೆ ಬೇರೆ ಇರಲಿಲ್ಲವಾದ್ದರಿಂದ, "ನನ್ನ ರಕ್ತ ಕಹಿ ಕಣ್ರೀ" ಎಂದು ಅಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ನನ್ನ ಹೆಂಡತಿ ಗಿರಿಜೆಗೆ ಈ ಮಾತು ಕೇಳಿದರೆ ನಗು. "ನಿಮ್ಮನ್ನ ಕಚ್ಚಿ ಅದಕ್ಕೇನು ಸಿಗ್ಬೇಕು, ಬುಡಿ" ಎಂದು, ತನ್ನ ಕೈ ಮೇಲಿನ ದದ್ದಿಗೆ ಎಂಜಲು ಸವರಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಮಲಗುತ್ತಿದ್ದದ್ದು ಚರಂಡಿ ಕಡೆಯ ಕಿಟಕಿಯ ಪಕ್ಕ. ನಾನು ಗೋಡೆ ಪಕ್ಕ. ಇದಕ್ಕೂ ನನ್ನ ರಕ್ತಕ್ಕೂ ಸಂಬಂಧವಿರಬಹುದೆಂದು ನಾನು ಯೋಚಿಸಿರಲಿಲ್ಲ.

ಗಿರಿಜೆ ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ, ಮನೆಯಲ್ಲಿ ಹೆಣ ಮಲಗಿಸಿದ್ದಾಗ ಅವಳ ತಲೆಯಿದ್ದ ಜಾಗದಲ್ಲಿ ಒಂದು ದೀಪ ಹಚ್ಚಿಟ್ಟರು. ಮೂರನೆಯ ದಿನ ಗುಂಡಿಯ ಬಳಿ ಹೋಗಿ ಹಾಲುತುಪ್ಪ ಬಿಟ್ಟು ಬರುವ ತನಕ ಆ ದೀಪ ಆರಕೂಡದು. ನಮಗೆ ಮಕ್ಕಳಿಲ್ಲ, ದೀಪ ಕಾಯುವ ಕೆಲಸ ನನಗೇ ಬಂತು. ದೀಪ ಆರಬಾರದೆಂದರೆ ಫ್ಯಾನ್ ಹಾಕಬಾರದು. ಫ್ಯಾನ್ ಇಲ್ಲದಿದ್ದರೆ ಸೆಖೆ, ಸೆಖೆಗೆ ಕಿಟಕಿ ತೆಗೆಯಬೇಕು. ಕಿಟಕಿ ತೆಗೆದರೆ ಏನಾಗುತ್ತದೆಂದು ಬರೆಯುವ ಅಗತ್ಯವಿಲ್ಲ. ಗೋಡೆಯಲ್ಲಿ ಸೊಳ್ಳೆ ಮಿಷನ್ನಿನ ಕೆಂಪು ದೀಪ ಉರಿಯುತ್ತಿತ್ತು, ಅದನ್ನು ನಂಬಿಕೊಂಡು ಕೂತಿದ್ದೆ. ಆಮೇಲೆ ಕಿತ್ತು ನೋಡಿದರೆ ಬಾಟಲಿಯಲ್ಲಿ ಒಂದು ಹನಿಯೂ ಇಲ್ಲ. ಆ ಬಾಟಲಿಯನ್ನು ಯಾರಾದರೂ ಬದಲಾಯಿಸುತ್ತಿರಬೇಕು ಎಂಬ ವಿಚಾರ ನನಗೆ ಹೊಳೆದದ್ದೇ ಆಗ. ನನ್ನ ಕಹಿ ರಕ್ತದ ಕಥೆ ಅಲ್ಲಿಗೆ ಮುಗಿಯಿತು.

ಮರುದಿನ ಕೈ, ಕತ್ತು, ಕಿವಿಯೆಲ್ಲ ದದ್ದು. ಮಾತಾಡಿಸಲು ಬಂದವರಿಗೆ ಸಾವಿನ ಮನೆಯಲ್ಲಿ ಏನು ಹೇಳಬೇಕೆಂದು ತೋಚದೆ ಕಷ್ಟವಾಗುತ್ತಿತ್ತು. ನನ್ನ ದದ್ದುಗಳು ಕಂಡದ್ದೇ ಅವರಿಗೆ ದಾರಿ ಸಿಕ್ಕಿತು. ಒಬ್ಬರು ನಿಂಬೆಹಣ್ಣು ಉಜ್ಜಿದರು. ಎಲೆ ಅಡಿಕೆ ಹಾಕುತ್ತಿದ್ದವರೊಬ್ಬರು ಅದರ ಮೇಲೇ ಸುಣ್ಣ ಸವರಿದರು. ಉರಿ ತಡೆಯಲಾರದೆ ತೊಳೆದುಕೊಂಡು ಬಂದರೆ ಮತ್ತೊಬ್ಬರು ಟೂತ್‌ಪೇಸ್ಟ್ ಹಿಡಿದು ನಿಂತಿದ್ದರು. ಇವರೆಲ್ಲರಿಗೂ ಮೇಲೆ ಪಕ್ಕದ ಮನೆಯ ಪುಟ್ಟಸ್ವಾಮಿ. ಚರಂಡಿಯ ಸೊಳ್ಳೆಗಳನ್ನು ಅವರು ಸ್ವಂತ ದಾಯಾದಿಗಳಷ್ಟು ಬಲ್ಲರು. "ಬಾಳೆಹಣ್ಣಿನ ಸಿಪ್ಪೆ ಒಳಮೈಲಿ ತಿಕ್ಬೇಕು ಸಾ. ಆದ್ರೆ ಪಚ್ಚಬಾಳೆ ಆಗಾಕಿಲ್ಲ. ರಸಬಾಳೆನೇ ಆಗ್ಬೇಕು" ಎಂದರು. ನಂಜನಗೂಡಿನಲ್ಲಿ ತಿನ್ನುವುದಕ್ಕೇ ರಸಬಾಳೆ ಹುಡುಕಬೇಕಾದ ಕಾಲ ಇದು. ಸೊಳ್ಳೆ ಕಡಿತಕ್ಕೆ ಎಲ್ಲಿಂದ ತರುವುದೆಂದು ಕೇಳಿದೆ. "ಅದು ನಂಗೊತ್ತಿಲ್ಲ ಸಾ, ಮದ್ದು ಮಾತ್ರ ಗೊತ್ತು" ಎಂದರು. ಗಿರಿಜೆಗೆ ಇದನ್ನು ಹೇಳಬೇಕೆಂದು ಒಳಕ್ಕೆ ಎದ್ದೇ ಬಿಟ್ಟಿದ್ದೆ. ಎದ್ದವನು ನೀರು ಕುಡಿದು ಬಂದು ಕೂತೆ.

ಈ ತುರಿಕೆಯ ಗಲಾಟೆಯಲ್ಲಿ ನನ್ನ ನಿಜವಾದ ತೊಂದರೆ ಯಾರಿಗೂ ಕಾಣುತ್ತಿಲ್ಲವೆಂದುಕೊಂಡಿದ್ದೆ. ನನಗೆ ಅಳು ಬಂದಿರಲಿಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಮಣ್ಣು ಹಾಕುವಾಗಲೂ ಇಲ್ಲ. ಪ್ರಯತ್ನಪಟ್ಟರೂ ಬರಲಿಲ್ಲ. ಗಿರಿಜೆಯ ಚಿಕ್ಕಮ್ಮ, ಮುಡುಕುತೊರೆಯವರು, ಅಡಿಗೆಮನೆಯಲ್ಲಿ ನಮ್ಮತ್ತೆಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಒಂದ್ ತೊಟ್ ಕಣ್ಣೀರ್ ಆಕ್ನಿಲ್ವಲ್ಲಕ್ಕ ನಿನ್ನಳಿಯ. ಎಂಡ್ರು ಸತ್ತಿರೋದಾ, ಲಾರಿ ತೂಕ ಕಮ್ಮಿ ಬಂದಿರೋದಾ?" ಅತ್ತೆ ಏನು ಹೇಳಿದರೋ ಕೇಳಿಸಲಿಲ್ಲ. ಹೆಮ್ಮಿಗೆಯಲ್ಲಿ ಹುಟ್ಟಿ ಬೆಳೆದ ಆ ಮುದುಕಿ ಮಗಳನ್ನು ಕಳೆದುಕೊಂಡು ಕೂತಿದ್ದರು. ಅವರೂ ಹಾಗೇ ಅಂದುಕೊಂಡರೆ ನಾನು ಯಾವ ಮುಖ ಹೊತ್ತು ಅವರ ಮುಂದೆ ಓಡಾಡಲಿ?

ಹಾಲುತುಪ್ಪದ ಬೆಳಗ್ಗೆ ಎದ್ದರೆ ಎಡಗಣ್ಣು ತೆರೆಯಲಿಲ್ಲ. ಸೊಳ್ಳೆ ರೆಪ್ಪೆಗೇ ಕಚ್ಚಿತ್ತು. ಕನ್ನಡಿಯಲ್ಲಿ ನೋಡಿಕೊಂಡೆ, ರೆಪ್ಪೆ ಬೋಂಡದ ಹಾಗೆ ಊದಿತ್ತು. ಹೊರಗೆ ಬರುತ್ತಲೇ ನಮ್ಮತ್ತೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ನಾಕು ಮನೆಗೆ ಕೇಳುವಂತೆ ಕೂಗಿದರು: "ಅಯ್ಯೋ, ಅಳಿಯಂದ್ರೇ! ಅತ್ತೂ ಅತ್ತೂ ಕಣ್ಣ ಇಂಗ್ ಮಾಡ್ಕಂಡ್ರಾ! ನೋಡ್ರವ್ವಾ, ಕಣ್ಣೇ ಮುಚ್ಚೋಗದೆ!" ಎಲ್ಲರೂ ಬಂದು ನೋಡಿದರು. ಚಿಕ್ಕಮ್ಮನೂ ಬಂದು ನೋಡಿ, "ಒಂದೇ ಕಣ್ಣಲ್ಲಿ ಅತ್ತವ್ರಾ?" ಎಂದರು. "ಒಬ್ಬೊಬ್ರುದು ಒಂದೊಂದ್ ತರ ಕಣೆ, ನೀ ಸುಮ್ಕಿರು" ಎಂದು ಅತ್ತೆ ಅವರನ್ನು ತಡೆದರು. ಸೊಳ್ಳೆ ಎಂದು ಹೇಳಲು ನಾನು ಬಾಯಿ ತೆಗೆದೆ. ಅತ್ತೆ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ಒಳಗೆ ಕೂರಿಸಿ, ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಗೆ ಹಿಡಿದು ಬಿಸಿಯುಸಿರು ಊದಿ, ನನ್ನ ರೆಪ್ಪೆಗೆ ಒತ್ತಿದರು. ನಿಂಬೆ, ಸುಣ್ಣ, ಪೇಸ್ಟು ಯಾವುದಕ್ಕೂ ಬಗ್ಗದ ತುರಿಕೆ ಅಷ್ಟಕ್ಕೇ ಬಗ್ಗಿತು.

"ಅತ್ತೆ, ಇದು ಅತ್ತದ್ದಲ್ಲ" ಎಂದೆ.

"ಸೊಳ್ಳೆ ಕಡ್ದಿರೋದು ನಂಗೊತ್ತಿಲ್ವಾ?" ಎಂದರು, ಮತ್ತೆ ಸೆರಗು ಊದುತ್ತ. "ಗಿರಿಜಂಗೂ ಚಿಕ್ಕೋಳಿದ್ದಾಗ ಇಂಗೇಯ. ಒತ್ತಾರೆ ಎದ್ರೆ ಒಂದ್ ಕಣ್ಣು ಮುಚ್ಚೋಗಿರದು. ಇಂಗೇ ಊದಿ ಊದಿ ಒತ್ತಿದ್ದೀನಿ. ಸೊಳ್ಳೆಗೆ ಅವಳಂದ್ರೆ ಅದೇನ್ ಪ್ರೀತಿಯೋ."

ಎಡಗಣ್ಣಿಗಷ್ಟೇ ಬೇಕಾಗಿದ್ದ ಶಾಖವನ್ನು ಆಮೇಲೆ ಬಲಗಣ್ಣಿಗೂ ಕೊಡಬೇಕಾಯಿತು. ಸೆರಗು ಒದ್ದೆಯಾದಷ್ಟೂ ಅತ್ತೆ ಒಣಗಿದ ಕಡೆಗೆ ತಿರುಗಿಸಿಕೊಂಡರು. ಹೊರಗೆ ಚಿಕ್ಕಮ್ಮ ಹಾಲು ಕಾಯಿಸಿದ್ದಾಯಿತೇ ಎಂದು ಕೂಗುತ್ತಿದ್ದರು. ದೀಪ ಉರಿಯುತ್ತಲೇ ಇತ್ತು.

ಮಾರನೆಯ ದಿನ ನನ್ನ ಎರಡೂ ಕಣ್ಣು ಊದಿ ಕೆಂಪಾಗಿದ್ದವು. ಪುಟ್ಟಸ್ವಾಮಿ ಗೇಟಿನ ಹತ್ತಿರ ನಿಲ್ಲಿಸಿ ಪರೀಕ್ಷಿಸಿದರು. "ನೆನ್ನೆ ಎಲ್ರೂ ಅತ್ತವ್ರೆ ಅಂದ್ರು ಸಾ, ನಾನು ಒಪ್ನಿಲ್ಲ. ಇವತ್ತು ಗ್ಯಾರಂಟಿ ಆಯ್ತು ನೋಡಿ. ಎರಡಕ್ಕೂ ಕಡ್ದವೆ. ನಮ್ ಚರಂಡಿ ಸೊಳ್ಳೆನೇ."

"ಹೌದು, ಬಹಳ ಜಾಸ್ತಿ" ಎಂದೆ.

ಅವರು ಮನೆಗೆ ಹೋಗಿ ಒಂದು ಡಬ್ಬಿ ಸೊಳ್ಳೆಬತ್ತಿಯನ್ನೂ, ಕುಂಡದಿಂದ ಮುರಿದ ಲೋಳೆಸರದ ಎಸಳನ್ನೂ ತಂದುಕೊಟ್ಟರು. ಲೋಳೆ ಹಚ್ಚಿಕೊಂಡು ಸಂಜೆಯೊಳಗೆ ಊತ ಇಳಿಯದಿದ್ದರೆ ತಮ್ಮ ಹೆಸರು ಬದಲಾಯಿಸಿ ಕರೆಯಿರಿ ಎಂದರು. ಹಚ್ಚಿಕೊಂಡೆ. ಸಂಜೆಗೂ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ಪುಟ್ಟಸ್ವಾಮಿಯವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಸೊಳ್ಳೆ ಕಚ್ಚಿದ್ದಾಗಿದ್ದರೆ ಇಳಿಯುತ್ತಿತ್ತೇನೋ.