ಹೆಣ್ಣಿನ ಕಡೆಯವರು ಫೋನ್ ಇಡಬಾರದು

ಕಣ್ಣಿಗೆ ಕಾಣುವ ವೈರಿನ ಮೇಲೆ ನನಗಿರುವ ವಿಶ್ವಾಸ ಕಾಣದ ವೈರಿನ ಮೇಲಿಲ್ಲ. ಉಮರ್ಗಾದಲ್ಲಿ ಹೈವೇಗೆ ಮುಖಮಾಡಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿಯಿದೆ. ತುರೋರಿಯಿಂದ ಹಿಡಿದು ಸುತ್ತಲಿನ ಹಳ್ಳಿಗಳ ಬಾವಿಗಳಲ್ಲಿ ಸುಟ್ಟ ಮೋಟಾರುಗಳೆಲ್ಲ ಕೊನೆಗೆ ನನ್ನ ಮುಂದೆಯೇ ಬಂದು ಹೊಟ್ಟೆ ಬಿಚ್ಚಿಕೊಂಡು ಕೂರಬೇಕು. ಏಳನೆಯ ಇಯತ್ತೆಗೆ ನಾನು ಶಾಲೆಯನ್ನು ಬಿಟ್ಟೆ. ಮಾಸ್ತರರು ಹೇಳುವ ಪ್ರಕಾರ ಶಾಲೆ ನನ್ನನ್ನು ಬಿಟ್ಟದ್ದು ಅದಕ್ಕಿಂತ ಮೊದಲು. ಆದರೆ ತಾಮ್ರದ ತಂತಿ ನನ್ನ ಕೈಬಿಡಲಿಲ್ಲ. ತಂತಿಗೆ ಎರಡು ತುದಿ ಇರುತ್ತವೆ. ಜೋಡಿಸಿದರೆ ಜೋಡಿಸಿದ್ದು ಕಾಣುತ್ತದೆ, ಕಡಿದರೆ ಕಡಿದದ್ದು ಕಾಣುತ್ತದೆ. ಮೊಬೈಲಿನದು ಹಾಗಲ್ಲ. ಅದು ಯಾವಾಗ ಯಾರಿಗೆ ಜೋಡಿಸಿಕೊಂಡಿದೆ, ಯಾವಾಗ ಬಿಟ್ಟಿದೆ ಎಂಬುದು ಅದಕ್ಕೇ ಗೊತ್ತು. ಹೀಗಿದ್ದೂ ಅದನ್ನು ಬಿಟ್ಟು ಮನುಷ್ಯ ಒಂದು ಗಳಿಗೆ ಇರಲಾರ. ನಾನೂ ಮನುಷ್ಯನೇ.

ಮೊದಲೆಲ್ಲ ಪರವೂರಿಗೆ ಹೊರಟರೆ, ಊರ ಹೊರಗಿನ ಪೆಟ್ರೋಲ್ ಪಂಪು ದಾಟಿದ ಮೇಲೆ ನಾವು ಯಾರಿಗೂ ಸಿಗುತ್ತಿರಲಿಲ್ಲ. ಸತ್ತರೂ ಹುಟ್ಟಿದರೂ ವಾಪಸು ಬಂದ ಮೇಲೆಯೇ ಸುದ್ದಿ. ಬುತ್ತಿ ಕಟ್ಟಿಕೊಂಡರೆ ತಯಾರಿ ಮುಗಿಯಿತು. ಈಗ ರೊಟ್ಟಿಗಿಂತ ಮೊದಲು ಚಾರ್ಜರು ನೆನಪಾಗುತ್ತದೆ. ಮೊನ್ನೆ ನಾಗಪುರದಲ್ಲಿ ನನ್ನ ಹೆಂಡತಿಯ ತಮ್ಮನ ಮನೆ ವಾಸ್ತುಶಾಂತಿಗೆ ಹೊರಟಾಗ ನಮ್ಮ ಗಾಡಿಯಲ್ಲಿ ಏನೇನಿತ್ತು ಅಂತ ಹೇಳಿದರೆ ನೀವು ನಗುತ್ತೀರಿ. ನನ್ನ ಮೊಬೈಲು, ಹೆಂಡತಿ ಶಾಂತಾಳ ಮೊಬೈಲು, ಮಗಳು ಅಶ್ವಿನಿಯದು, ನಮ್ಮ ಅವ್ವನ ಬಟನ್ ಫೋನು, ಇಟ್ಟಂಗಿಯಷ್ಟು ಭಾರದ ಪವರ್ ಬ್ಯಾಂಕು, ಮೂರು ಬಾಯಿಯ ಚಾರ್ಜರು, ಗಾಜಿಗೆ ಅಂಟಿಕೊಂಡು ಪ್ರತಿಯೊಂದು ಸ್ಪೀಡ್ ಬ್ರೇಕರಿಗೂ ನನ್ನ ತೊಡೆಯ ಮೇಲೆ ಬೀಳುವ ಒಂದು ಸ್ಟ್ಯಾಂಡು. ಇವೆಲ್ಲದರ ನಡುವೆ ನಾನು ಹಟ ಮಾಡಿ ಇಟ್ಟುಕೊಂಡದ್ದು ಸಣ್ಣ ಸೆಲ್ ಹಾಕುವ ಹಳೆಯ ಬ್ಯಾಟರಿ, ಅಂದರೆ ಟಾರ್ಚು. ಒತ್ತಿದರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ, ಅದರಲ್ಲಿ ಮೋಸವಿಲ್ಲ.

ಅಂದು ನನಗೆ ಮೊಬೈಲಿನ ಮೇಲೆ ಅಷ್ಟು ಜೀವ ಇರಲು ಕಾರಣವಿತ್ತು. ಅಶ್ವಿನಿಗೆ ನಾಗಪುರದ ದಾರಿಯಲ್ಲೇ ಸಿಗುವ ಉದಗೀರದ ಒಂದು ಸಂಬಂಧ ಬಂದಿತ್ತು. ಬಟ್ಟೆ ಅಂಗಡಿಯ ಮನೆತನ, ನಮ್ಮವರೇ, ಲಿಂಗವಂತರು. ಅವರು ಬಂದು ಹುಡುಗಿ ನೋಡಿದರು. ನಾವು ಹೋಗಿ ಮನೆ ನೋಡಿದೆವು. ಅಶ್ವಿನಿ ನನ್ನೆದುರು ಏನೂ ಹೇಳಲಿಲ್ಲ, ಅಜ್ಜಿಯ ಕಿವಿಯಲ್ಲಿ ಮಾತ್ರ "ನನಗ ಒಪ್ಪಿಗಿ ಅದ" ಅಂದಿದ್ದಳು. ಅವ್ವನ ಕಿವಿಯಲ್ಲಿ ಹೇಳಿದ್ದು ಅಂದರೆ ಓಣಿಗೆಲ್ಲ ಹೇಳಿದಂತೆಯೇ. ಆದರೆ ಅವರ ಕಡೆಯಿಂದ ಉತ್ತರವೇ ಇಲ್ಲ. ಫೋನ್ ಮಾಡಿದಾಗಲೆಲ್ಲ ಹುಡುಗನ ತಂದೆ ಚನ್ನಪ್ಪಶೇಠರು, "ಆಮ್ಚಾ ವಿಚಾರ ಚಾಲೂ ಆಹೆ" ಅನ್ನುತ್ತಿದ್ದರು. ವಿಚಾರ ನಡೆದಿದೆ ಅಂತ. ಯಾವ ವಿಚಾರವೋ, ಎತ್ತ ನಡೆದಿದೆಯೋ. ಹಿಂದಿನ ದಿನ ಮಾತ್ರ, ನಾಳೆ ನಾವೇ ಫೋನ್ ಮಾಡುತ್ತೇವೆ ಎಂದಿದ್ದರು.

ಒಂದು ಮಾತು ಇಲ್ಲೇ ಹೇಳಬೇಕು. ನಮ್ಮ ಈ ಗಡಿಯ ಕಡೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಪರಕೀಯರ ಮುಂದೆ ಗುಟ್ಟು ಆಡಬೇಕಾದರೆ ಕನ್ನಡ ನಮಗೆ ಬೀರುವಿನ ಒಳಖಾನೆ ಇದ್ದ ಹಾಗೆ. ಸಂಬಂಧ ತಂದ ಹಿರಿಯರು ಹೇಳಿದ್ದರು: ಅವರು ಸುಧಾರಿಸಿದ ಜನ, ಮನೆಯಲ್ಲೂ ಶುದ್ಧ ಮರಾಠಿ. ಹೀಗಾಗಿ ನಾವೂ ನಾಲಿಗೆ ತಿರುವಿ ತಿರುವಿ ಮರಾಠಿಯಲ್ಲೇ ಮಾತಾಡಿ ಬಂದಿದ್ದೆವು. ನಾವೂ ಸುಧಾರಿಸಿದವರೇ ಎಂದು ತೋರಿಸಲು ಆ ಬೆಳಿಗ್ಗೆ ನಾನು ಇನ್ನೊಂದು ಕೆಲಸ ಮಾಡಿದೆ. ಅಶ್ವಿನಿಗೆ ಹೇಳಿ ನನ್ನ ಲೈವ್ ಲೊಕೇಶನ್ ಚನ್ನಪ್ಪಶೇಠರಿಗೆ ಕಳಿಸಿದೆ. ನಮ್ಮ ಗಾಡಿ ಎಲ್ಲಿ ಹೊರಟಿದೆ, ಎಲ್ಲಿ ನಿಂತಿದೆ ಎಂದು ಅವರು ಕೂತಲ್ಲೇ ನೋಡಬಹುದಂತೆ. ನೋಡಲಿ, ಉಮರ್ಗಾದವರು ಕಡಿಮೆಯಿಲ್ಲ ಅಂತ ಗೊತ್ತಾಗಲಿ.

ನಿಲಂಗಾದವರೆಗೆ ಫೋನ್ ಬರಲಿಲ್ಲ. ನಿಲಂಗಾದಲ್ಲಿ ಚಹಾ ಕುಡಿದೆವು, ಬರಲಿಲ್ಲ. ನನಗೆ ಕೂತಲ್ಲಿ ಕೂರಲಾಗದು. ಗಾಡಿ ಓಡಿಸುವುದು ಕಾಲಿನ ಕೆಲಸ, ಕಣ್ಣೆಲ್ಲ ಮೊಬೈಲಿನ ಮೂಲೆಯಲ್ಲಿ ಏಣಿ ಮೆಟ್ಟಿಲಿನಂತೆ ನಿಂತ ರೇಂಜಿನ ಕಡ್ಡಿಗಳ ಮೇಲೆ. ಊರು ದಾಟಿದ ಮೇಲೆ ಕಡ್ಡಿಗಳು ಒಂದೊಂದಾಗಿ ಇಳಿದವು. ನಾನು ಶಾಂತಾಳ ಕೈಗೆ ಮೊಬೈಲು ಕೊಟ್ಟು ಕಿಟಕಿಯ ಹೊರಗೆ ಹಿಡಿ ಎಂದೆ. ಪಾಪ, ಅವಳು ಸೋಯಾಬೀನ್ ಹೊಲಗಳಿಗೆಲ್ಲ ಆರತಿ ಬೆಳಗುತ್ತ ಕೂತಳು.

"ಪಪ್ಪಾ, ಕೈ ಹೊರಗ ಹಿಡದ್ರ ರೇಂಜ್ ಬರಂಗಿಲ್ಲ" ಎಂದು ಅಶ್ವಿನಿ ಹಿಂದಿನಿಂದ ಹೇಳಿದಳು.

"ಆಂಟೆನಾ ಅಂದ್ರ ಹೊರಗೇ ಇರಬೇಕವಾ. ನಾ ಕರೆಂಟಿನ ಮನಶಾ ಇದೀನಿ, ನನಗ ಹೇಳಬ್ಯಾಡ."

ನನ್ನ ಮಾತಿಗೆ ಸರಿಯಾಗಿ ಫೋನ್ ಬಂತು. ಅಶ್ವಿನಿ ಮೊದಲೇ ಅದನ್ನು ಗಾಡಿಯ ಸ್ಪೀಕರಿಗೆ ಜೋಡಿಸಿ ಇಟ್ಟಿದ್ದಳು, ವೈರಿಲ್ಲದೆ. ಚನ್ನಪ್ಪಶೇಠರ ಮರಾಠಿ ನಾಲ್ಕೂ ಬಾಗಿಲುಗಳಿಂದ ಮೊಳಗಿತು. ನಮಸ್ಕಾರ, ಪ್ರವಾಸ ಹೇಗೆ ಸಾಗಿದೆ, ಬಿಸಿಲು ಜೋರಿದೆಯೇ. ನಾನೂ ಮರಾಠಿಯಲ್ಲಿ ನಮಸ್ಕಾರ, ಚೆನ್ನಾಗಿದೆ, ಜೋರಿದೆ. ಕೊನೆಗೆ ಅವರು, ವಿಚಾರ ಇನ್ನೂ ಸ್ವಲ್ಪ ಉಳಿದಿದೆ, ಸಂಜೆಗೆ ಮಾತಾಡೋಣ ಎಂದರು. ಮತ್ತೆ ನಮಸ್ಕಾರ, ನಮಸ್ಕಾರ. ಮುಗಿಯಿತು.

ಮುಗಿಯಿತು ಅಂತ ನಾನಂದುಕೊಂಡೆ. ನಮ್ಮ ಅಪ್ಪ ಹೇಳಿಕೊಟ್ಟ ಒಂದು ಪದ್ಧತಿಯಿದೆ: ಹೆಣ್ಣಿನ ಕಡೆಯವರು ಪಂಕ್ತಿಯಿಂದ ಮೊದಲು ಏಳಬಾರದು, ಬೀಗರನ್ನು ಬಸ್ಸಿಗೆ ಬಿಡಲು ಹೋದರೆ ಬಸ್ಸು ಹೊರಡುವ ಮೊದಲು ಬೆನ್ನು ತಿರುಗಿಸಬಾರದು. ಅಪ್ಪನ ಕಾಲಕ್ಕೆ ಫೋನಿರಲಿಲ್ಲ, ಇದ್ದಿದ್ದರೆ ಅದನ್ನೂ ಹೇಳುತ್ತಿದ್ದ. ಹೀಗಾಗಿ ಆ ಪದ್ಧತಿಯನ್ನು ಫೋನಿಗೆ ನಾನೇ ಜೋಡಿಸಿಕೊಂಡಿದ್ದೇನೆ. ಗಂಡಿನ ಕಡೆಯವರೇ ಮೊದಲು ಇಡಲಿ ಎಂದು ಕಾದೆ. ಪರದೆ ಕಪ್ಪಾಯಿತು. ಇಟ್ಟರು ಎಂದು ತಿಳಿದು ಮೊಬೈಲನ್ನು ಶಾಂತಾಳ ಕೈಯಿಂದ ತೆಗೆದುಕೊಂಡು ಸ್ಟ್ಯಾಂಡಿಗೆ ಸಿಕ್ಕಿಸಿದೆ.

ಇನ್ನೂ ವಿಚಾರ ಉಳಿದಿದೆ ಎಂಬ ಮಾತಿಗೆ ನಮ್ಮವರೆಲ್ಲರ ಹೊಟ್ಟೆ ಉರಿದಿತ್ತು. ಅವ್ವ ಮೊದಲು ಬಾಯಿ ತೆರೆದಳು.

"ಏನ್ ವಿಚಾರ ಮಾಡ್ತಾರೋ ಏನೋ. ಅಷ್ಟು ದೊಡ್ಡ ಮನಿ, ಚಾದಾಗ ಸಕ್ರಿ ಇದ್ದಿಲ್ಲ. ಆ ಮುದುಕಿನ ನೋಡಿದ್ರಿಲ್ಲ, ಹುಡುಗನ ಅಜ್ಜಿ? ಕೂತಾಗಿಂದ ಏಳೋತನಕ ಬಾಯಿ ಬಿಡಲಿಲ್ಲ. ಸೊಕ್ಕು."

"ಗ್ವಾಡಿ ಮ್ಯಾಗಿನ ಗಡಿಯಾರ ನೋಡಿದ್ರೇನು ಅತ್ತಿ? ಒಂದು ಪಡಸಾಲಿಗೆ ನಾಕು ಗಡಿಯಾರ, ಒಂದೂ ನಡಿಯಂಗಿಲ್ಲ" ಎಂದಳು ಶಾಂತಾ.

ಹೆಂಗಸರಿಗೆ ನಾನೇಕೆ ಬಿಟ್ಟುಕೊಡಲಿ. "ಚನ್ನಪ್ಪಶೇಠನ ಮರಾಠಿ ಕೇಳಿದ್ರ ಮುಂಜಾನಿ ಎದ್ದು ಕನ್ನಡಿ ಮುಂದ ಪಾಠ ಮಾಡ್ಯಾನ ಅನಸ್ತದ. ಹುಡುಗ ಛಲೋ ಅದಾನ ಬಿಡ್ರಿ. ಕಿವಿ ಅಷ್ಟ ಜರಾ ಮುಂದ ಬಂದಾವ. ಹೆಲ್ಮೆಟ್ ಹೆಂಗ ಹಾಕ್ಕೋತಾನೋ."

"ಪಪ್ಪಾ, ಸುಮ್ಮ ಗಾಡಿ ಹೊಡೀರಿ" ಎಂದಳು ಅಶ್ವಿನಿ.

ಅಷ್ಟರಲ್ಲಿ ಎಲ್ಲಿಂದಲೋ ಗಿರ್ರ್ ಎಂಬ ಸದ್ದು ಶುರುವಾಯಿತು. ಮೋಟಾರಿನ ಸದ್ದೆಂದರೆ ನನ್ನ ಕಿವಿ ನಾಯಿಯ ಕಿವಿ. ಕೇಳಿದ ಕೂಡಲೇ ಹೇಳಿದೆ: "ಬೇರಿಂಗ್ ಹೋಗ್ಯಾದ." ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ನಿಲ್ಲಿಸಿದ ಕೂಡಲೇ ಸದ್ದೂ ನಿಂತಿತು. "ನೋಡ್ರಿ, ನಾ ಹೇಳಿಲ್ಲೇನು?" ಎಂದು ಹೆಂಡತಿಯ ಕಡೆ ನೋಡಿದೆ. ಎಂಜಿನ್ನು ಬಂದ್ ಆದ ಮೇಲೆ ಗಾಡಿಯೊಳಗೆ ಒಳ್ಳೆಯ ಶಾಂತಿಯಿತ್ತು. ಆ ಶಾಂತಿಯಲ್ಲಿ ಸ್ಪೀಕರು ಕೆಮ್ಮಿತು.

ಕೆಮ್ಮಿದ ಮೇಲೆ ಅದು ಮಾತಾಡಿತು. ಮುದುಕಿಯ ದನಿ, ನಮ್ಮವ್ವನ ಹಾಗೆಯೇ ಅಚ್ಚ ಕನ್ನಡ.

"ಸೊಕ್ಕಲ್ಲವ್ವ. ನನಗ ಮರಾಠಿ ಬರಂಗಿಲ್ಲ, ಅದಕ್ಕ ಬಾಯಿ ಮುಚ್ಚಿ ಕೂತಿದ್ದೆ."

ನಾವು ನಾಲ್ವರೂ ಸ್ಪೀಕರಿನ ಕಡೆ ನೋಡಿದೆವು. ದೇವರು ಮಾತಾಡಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

"ಗಡಿಯಾರದ್ದೂ ಹೇಳ್ತೀನಿ ಕೇಳ್ರಿ" ಎಂದಿತು ದನಿ. "ನಾಕೂ ಬೀಗರು ಕೊಟ್ಟಿದ್ದವು. ನಡಿಯಂಗಿಲ್ಲ, ಒಗ್ಯಾಕೂ ಬರಂಗಿಲ್ಲ."

ಯಾರಾದರೂ ಏನಾದರೂ ಹೇಳಬೇಕಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಿಂದಿನ ಸೀಟಿನಿಂದ ಅಶ್ವಿನಿ ಮುಂದೆ ಬಾಗಿ ಕೇಳಿದಳು:

"ಅಜ್ಜಿ, ಹೊಸಾ ಸೆಲ್ ಹಾಕಿ ನೋಡೀರೇನು?"

"ಯಾರು ಹಾಕಬೇಕವ್ವ? ನನ್ನ ಕೈ ಎಟಕಂಗಿಲ್ಲ, ಇವರಿಗೆ ಪುರಸೊತ್ತಿಲ್ಲ. ನೀನೇ ಬಂದು ಹಾಕು."

ಅಷ್ಟಕ್ಕೆ ರೇಂಜು ಹೋಯಿತು. ಇಷ್ಟು ಹೊತ್ತು ಹೋಗಬೇಕಾದಾಗ ಹೋಗದೆ, ಈಗ ಹೋಯಿತು. ಶಾಂತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಲಗ್ನ ಮುರಿದ ದುಃಖ ಎಂದುಕೊಂಡೆ. ನನ್ನ ತಲೆಯಲ್ಲಿ ಕಿವಿ, ಹೆಲ್ಮೆಟ್ಟು, ಕನ್ನಡಿ ಇವೇ ತಿರುಗುತ್ತಿದ್ದವು. ಮಗಳು ಬಾಯಿಬಿಟ್ಟು ಒಮ್ಮೆಯೂ ಏನನ್ನೂ ಬೇಡಿದವಳಲ್ಲ. ಇದೊಂದನ್ನು, ಅದೂ ಅಜ್ಜಿಯ ಕಿವಿಯಲ್ಲಿ ಬೇಡಿದ್ದಳು. ಅದನ್ನು ನಾನು ಬೇವಿನ ಮರದ ಕೆಳಗೆ ಕೆಡಿಸಿದ್ದೆ.

"ಉದಗೀರ ಬ್ಯಾಡ. ಹಿಂದಕ್ಕ ಹೊಳ್ಳಿ ಬ್ಯಾರೆ ದಾರಿಲೆ ನಾಗಪುರಕ್ಕ ಹೋಗಮು" ಎಂದೆ.

"ಯಾಕ್ರೀ?" ಎಂದಳು ಶಾಂತಾ, ಇವನಿಗೇನೂ ತಿಳಿಯುವುದಿಲ್ಲ ಎಂಬ ದನಿಯಲ್ಲಿ. ಆ ದನಿ ನನಗೆ ರೂಢಿಯಾದದ್ದು, ಲೆಕ್ಕಿಸಲಿಲ್ಲ. ಗಾಡಿ ಹೊರಳಿಸಿದೆ. ಸ್ವಲ್ಪ ದೂರ ಬಂದಿದ್ದೆವೋ ಇಲ್ಲವೋ, ಕಡ್ಡಿಗಳು ಮತ್ತೆ ಮೆಟ್ಟಿಲು ಹತ್ತಿದವು, ಫೋನ್ ಬಡಿದುಕೊಂಡಿತು. ಚನ್ನಪ್ಪಶೇಠರು. ಈ ಸಲ ಕನ್ನಡ.

"ಏನ್ರೀ, ನಿಮ್ಮ ಚುಕ್ಕಿ ಹೊಳ್ಳಿ ನಿಲಂಗಾಕ್ಕ ಹೊಂಟದಲ್ಲ. ಏನರ ಮರತು ಬಂದೀರೇನು?"

ಲೈವ್ ಲೊಕೇಶನ್. ಉಮರ್ಗಾದವರು ಕಡಿಮೆಯಿಲ್ಲ ಎಂದು ನಾನೇ ಕಳಿಸಿದ್ದು. ಓಡಿಹೋಗುವ ಕಳ್ಳ ತನ್ನ ಕಾಲಿಗೆ ತಾನೇ ಗೆಜ್ಜೆ ಕಟ್ಟಿಕೊಂಡಂತಾಗಿತ್ತು.

"ಇಲ್ರೀ, ಗಾಡಿ ಬೇರಿಂಗ್ ಜರಾ ಚೆಕ್ ಮಾಡ್ಲಕತ್ತಿದ್ದೆ" ಎಂದೆ.

"ಬೇರಿಂಗ್ ಛಲೋ ಅದ್ರೀ. ಅದು ನಮ್ಮ ಮನಿ ಮಿಕ್ಸರ್. ಶೇಂಗಾ ಚಟ್ನಿ ಮಾಡ್ಲಕತ್ತಿದ್ರು. ಮುದ್ದಾಂ ಬರ್ರಿ, ಚಾ ಕುಡ್ದು ಮುಂದ ಹೋಗ್ರಿ. ಸಕ್ರಿ ಹಾಕಸ್ತೀನಿ."

ಉದಗೀರದವರೆಗಿನ ದಾರಿ ಅಷ್ಟು ಉದ್ದವೆಂದು ನನಗೆ ಅಂದೇ ಗೊತ್ತಾದದ್ದು. ಯಾವ ಲಾರಿಯಾದರೂ ಅಡ್ಡ ನಿಂತು ದಾರಿ ಬಂದ್ ಆಗಲಿ ಎಂದು ಬೇಡಿಕೊಂಡೆ. ಎಲ್ಲ ಲಾರಿಗಳೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

ಅವರ ಪಡಸಾಲೆಯಲ್ಲಿ ಕೂತ ಮೇಲೆ ನಾನು ತಲೆ ಎತ್ತಲಿಲ್ಲ. ಚನ್ನಪ್ಪಶೇಠರು ತಾವೇ ಮಾತು ತೆಗೆದರು. ಸಂಬಂಧ ತಂದ ಆ ಹಿರಿಯರು ಅವರಿಗೂ ಹೇಳಿದ್ದರಂತೆ, ಉಮರ್ಗಾದವರು ಸುಧಾರಿಸಿದ ಜನ, ಮನೆಯಲ್ಲೂ ಶುದ್ಧ ಮರಾಠಿ ಎಂದು. "ನಾವೆಲ್ಲ ಹಗಲೆಲ್ಲ ಅಂಗಡ್ಯಾಗ ಇರ್ತೀವಿ. ಮನ್ಯಾಗ ಉಳಿಯೋದು ನಮ್ಮವ್ವ ಮತ್ತ ಬರೋ ಸೊಸಿ. ಈಕಿಗೆ ಮರಾಠಿ ಬರಂಗಿಲ್ಲ, ಆಕಿಗೆ ಕನ್ನಡ ಬರಂಗಿಲ್ಲ ಅಂದ್ರ ಇಬ್ಬರೂ ಗ್ವಾಡಿ ನೋಡ್ಕೋತ ಕೂಡೋದೇನು? ಅದೇ ವಿಚಾರ ನಡದಿತ್ತು."

"ಆದ್ರ ಫೋನ್ ಯಾಕ ಇಡಲಿಲ್ರೀ?" ನಾನು ತಡೆಯದೆ ಕೇಳಿಬಿಟ್ಟೆ.

"ಫೋನ್ ಹಚ್ಚಿದವರು ಮೊದಲು ಇಡಬಾರದು, ಅದು ಸಭ್ಯತಾ ಅಲ್ಲ ಅಂತ ನಮ್ಮ ಅಪ್ಪ ಹೇಳ್ಯಾನ. ನೀವು ಇಡ್ತೀರಿ ಅಂತ ನಾ ಕಾದೆ. ಆಮ್ಯಾಲ ನೀವು ಮಾತು ಶುರು ಮಾಡಿದ್ರಿ. ನಡುವೆ ಇಡೋದು ಹೆಂಗ?"

ಅಶ್ವಿನಿ ಆಗಲೇ ಗಾಡಿಗೆ ಹೋಗಿ ನನ್ನ ಬ್ಯಾಟರಿಯ ಸೆಲ್ ಬಿಚ್ಚಿ ತಂದಿದ್ದಳು. ಹುಡುಗ ಸ್ಟೂಲು ಹಿಡಿದುಕೊಂಡ, ಅವಳು ಹತ್ತಿದಳು. ನಾಲ್ಕರಲ್ಲಿ ಒಂದು ಗಡಿಯಾರ ಟಕ್ ಎಂದು ಹೊರಟಿತು. ಅಜ್ಜಿ ನಮ್ಮವ್ವನ ಕೈ ಹಿಡಿದು, "ನೋಡ್ ತಂಗಿ, ಸೊಕ್ಕಿನ ಮನ್ಯಾಗ ಗಡಿಯಾರ ನಡೀಲಕತ್ತದ" ಎಂದಳು. ಇಬ್ಬರೂ ಮುದುಕಿಯರು ಕೆಮ್ಮು ಬರುವವರೆಗೆ ನಕ್ಕರು. ಚಹಾ ಬಂತು. ಅದರಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆಯಿತ್ತು. ಹುಡುಗ ನನ್ನ ಕೈಗೆ ಬಟ್ಟಲು ಕೊಡುವಾಗ, "ಹೆಲ್ಮೆಟ್ ಬರೊಬ್ಬರಿ ಕೂಡ್ತದ್ರಿ ಮಾವಾ" ಎಂದ. ಪೂರ್ತಿ ಕುಡಿದೆ.

ಉದಗೀರ ಬಿಟ್ಟು ನಾಗಪುರದ ಕಡೆ ಜಳಕೋಟದ ದಾರಿ ಹಿಡಿದ ಮೇಲೆ ನನಗೆ ನೆಮ್ಮದಿ ಸಿಕ್ಕಿತೆಂದು ನೀವು ತಿಳಿದರೆ ತಪ್ಪು. ಚುಕ್ಕಿ ಇನ್ನೂ ಉರಿಯುತ್ತಿತ್ತು. ಮೂತ್ರಕ್ಕೆ ನಿಲ್ಲಿಸಿದರೆ ಫೋನು, "ಯಾಕ ನಿಂತ್ರಿ ಬೀಗರೇ?" ಡೀಸೆಲ್ಲಿಗೆ ನಿಲ್ಲಿಸಿದರೆ ಫೋನು. ಅದನ್ನು ಬಂದ್ ಮಾಡು ಎಂದು ಅಶ್ವಿನಿಗೆ ಹೇಳೋಣವೆಂದರೆ ಅವಳು ತನ್ನ ಮೊಬೈಲಿನಲ್ಲಿ ಮುಳುಗಿ ಸಣ್ಣಗೆ ನಗುತ್ತಿದ್ದಳು. ಆ ತುದಿಯಲ್ಲಿ ಯಾರೆಂದು ತಿಳಿಯಲು ವೈರೇನೂ ಕಾಣುವಂತಿರಲಿಲ್ಲ.

ಆಮೇಲೆ ನಿಶ್ಚಯವಾಯಿತು, ತಾರೀಖು ಗೊತ್ತಾಯಿತು. ಈಗ ಬೀಗರ ಫೋನು ದಿನಾ ಬರುತ್ತದೆ. ಹೆಣ್ಣಿನ ಕಡೆಯವನಾಗಿ ನಾನು ಇಡುವಂತಿಲ್ಲ, ಹಚ್ಚಿದವರಾಗಿ ಅವರು ಇಡುವುದಿಲ್ಲ. ಹೀಗಾಗಿ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ನಮಸ್ಕಾರ ಮುಗಿದ ಮೇಲೆ ಮೊಬೈಲನ್ನು ಅಂಗಡಿಯ ಮೇಜಿನ ಮೇಲಿಟ್ಟು, ಗಿರಾಕಿಗಳಿಗೆ ಹೇಳಿದಂತೆ ಗಟ್ಟಿಯಾಗಿ ಅವರನ್ನು ಹೊಗಳುತ್ತೇನೆ. ಎಂಥ ಮನೆತನ, ಎಂಥ ಮನಸ್ಸು, ಮರಾಠಿಯಂತೂ ಕೇಳುತ್ತಲೇ ಇರಬೇಕು. ಮೊನ್ನೆ ಹಾಗೆ ಬಹಳ ಹೊತ್ತು ಹೊಗಳಿದೆ. ಹುಡುಗನ ಕಿವಿಯನ್ನೂ ಬಿಡಲಿಲ್ಲ. ಊಟದ ಡಬ್ಬಿ ತಂದಿದ್ದ ಶಾಂತಾ ಮೊಬೈಲನ್ನು ಎತ್ತಿ ನೋಡಿ ನನ್ನ ಮುಂದೆ ಹಿಡಿದಳು. ಚಾರ್ಜು ಮುಗಿದು ಅದು ಯಾವಾಗಲೋ ಸತ್ತಿತ್ತು.

ಅಷ್ಟೂ ಮಾತು ದಂಡವಾಯಿತು. ಚಾರ್ಜಿಗೆ ಹಚ್ಚಿ, ಜೀವ ಬಂದ ಕೂಡಲೇ ನಾನೇ ಬೀಗರಿಗೆ ಮತ್ತೆ ಫೋನ್ ಮಾಡಿದೆ.