ಗಿಡಕ್ಕೆ ಹೇಳಿದ ಹೆಸರು

ಹೊಟ್ಟೆಯೊಳಗೆ ಏನೇನಿದೆ ಎಂಬುದು ಮನುಷ್ಯನಿಗೆ ಗೊತ್ತಾಗದಿರುವುದೇ ಕ್ಷೇಮ ಎಂಬುದು ನನ್ನ ಬಹುಕಾಲದ ನಂಬಿಕೆ. ನನ್ನ ಲಿವರ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ತಿಳಿಯದೆಯೇ ಐವತ್ತೆರಡು ವರ್ಷ ಸುಖವಾಗಿದ್ದೆ. ಏಳನೆಯ ತರಗತಿಯಲ್ಲಿ ‘ಪಿತ್ತಜನಕಾಂಗ’ ಎಂದು ಬರೆದು ಎರಡು ಅಂಕ ಗಿಟ್ಟಿಸಿದ್ದೇ ನಮ್ಮಿಬ್ಬರ ನಡುವಿನ ಕೊನೆಯ ವ್ಯವಹಾರ. ಹೋದ ವರ್ಷ ಯಾವುದೋ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರಮ್ಮ ಪರದೆಯ ಮೇಲಿನ ಬೂದು ಮೋಡವೊಂದನ್ನು ತೋರಿಸಿ, “ಇದೇ ನಿಮ್ಮ ಲಿವರ್. ಪೂರ್ತಿ ಕೊಬ್ಬು ತುಂಬಿದೆ” ಎಂದರು. ಯಾರದೋ ಮನೆಯ ಕಿಟಕಿಯಲ್ಲಿ ಬಗ್ಗಿ ನೋಡಿದಂತಾಗಿ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಅದಕ್ಕೆ ಕೊಬ್ಬು ಬಂದದ್ದು ಹೇಗೆ ಎಂದು ತಿಳಿಯಲು ನನ್ನ ಕಸುಬು ತಿಳಿಯಬೇಕು. ನಾನು ಪತ್ರ ಬರಹಗಾರ. ಹೊಸಕೋಟೆಯಲ್ಲಿ ಒಂದು ಸಣ್ಣ ಮಳಿಗೆ ಇಟ್ಟುಕೊಂಡು ಇಪ್ಪತ್ತೇಳು ವರ್ಷದಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಜಮೀನು ನೋಂದಣಿಯಾದ ಮೇಲೆ ಕೊಂಡವರು ಎಲ್ಲರಿಗೂ ಊಟ ಹಾಕಿಸುವುದು ರೂಢಿ. ಬಿರಿಯಾನಿ, ಕಬಾಬು, ಕೊನೆಗೆ ತುಪ್ಪ ಸುರಿಯುವ ಮೈಸೂರುಪಾಕು. ತಾಲ್ಲೂಕಿನಲ್ಲಿ ಲೇಔಟುಗಳು ಎದ್ದಷ್ಟೂ ಪತ್ರಗಳು, ಪತ್ರಗಳಷ್ಟೂ ಊಟ. ನಾನು ಬೇಡವೆಂದರೆ ಜಮೀನು ಕೊಂಡ ಪಾರ್ಟಿಗೆ ಅಪಶಕುನ ಎನಿಸುತ್ತದೆ. ಪರರ ಜಮೀನಿಗೆ ಒಳ್ಳೆಯದಾಗಲೆಂದೇ ತಿಂದೆ ಎಂದು ಡಾಕ್ಟರಮ್ಮನಿಗೆ ಹೇಳಿದೆ, ಅವರು ನಗಲಿಲ್ಲ.

“ಲಿವರ್ ತನ್ನನ್ನ ತಾನೇ ಶುಚಿ ಮಾಡ್ಕೊಳ್ಳುತ್ತೆ ಸಾರ್. ನೀವು ಅದರ ಮೇಲೆ ಸುರಿಯೋದನ್ನ ನಿಲ್ಸಿ ಸಾಕು. ಸೊಪ್ಪು ತಿನ್ನಿ, ನಡೀರಿ, ಸಿಹಿ ಮುಟ್ಬೇಡಿ. ಮೂರು ತಿಂಗಳಲ್ಲಿ ಕಮ್ಮಿ ಆಗ್ದಿದ್ರೆ ಮುಂದೆ ಕಷ್ಟ ಇದೆ,” ಎಂದರು. ‘ಕಷ್ಟ’ ಎನ್ನುವಾಗ ಅವರ ದನಿ ಇಳಿದದ್ದು ನನಗೆ ಇಷ್ಟವಾಗಲಿಲ್ಲ. ನನ್ನಪ್ಪ ಹೊಟ್ಟೆ ಊದಿಕೊಂಡು ಹೋದದ್ದು ಐವತ್ತನಾಲ್ಕಕ್ಕೆ. ಅವರಿಗೂ ಮದ್ಯದ ಸಹವಾಸ ಇರಲಿಲ್ಲ, ನನಗೂ ಇಲ್ಲ. ಆದರೆ ಊರವರಿಗೆ ಲಿವರ್ ಎಂದರೆ ಕುಡಿತ ಎಂದೇ ಲೆಕ್ಕ. ಆದ್ದರಿಂದ ನನ್ನ ಹೆಂಡತಿ ರತ್ನಳನ್ನು ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ.

ರತ್ನ ಹೆದರಿ, ಪಿಳ್ಳಮ್ಮಜ್ಜಿಯ ಹತ್ತಿರ ಹೋಗಲೇಬೇಕೆಂದು ಹಟ ಹಿಡಿದಳು. ಅಜ್ಜಿ ಇರುವುದು ಅನುಗೊಂಡನಹಳ್ಳಿ ದಾರಿಯಲ್ಲಿ ಸಿಗುವ ಒಂದು ಕವಲಿನಿಂದ ಒಳಕ್ಕೆ, ನೀಲಗಿರಿ ತೋಪು ದಾಟಿದ ಮೇಲಿನ ನಾಲ್ಕು ಮನೆಯ ಹಟ್ಟಿಯಲ್ಲಿ. ಕಾಮಾಲೆಗೆ, ಈಲಿಯ ಅಂದರೆ ಲಿವರಿನ ಕಾಯಿಲೆಗೆ ಅವಳು ಭಾನುವಾರ ಔಷಧಿ ಕೊಡುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿದ್ದರೂ ನಾನು ಹೋದೊಡನೆ ಸರಿಯಾಗಿ ನನ್ನ ಬಲ ಪಕ್ಕೆಯ ಕಡೆಗೇ ಮುಖ ಮಾಡಿ ಕೂತಳು. ಮಾತಾಡಿದ್ದೂ ಅದರ ಜೊತೆಗೇ ಇರಬೇಕು.

“ನೆಲನೆಲ್ಲಿ ಗಿಡಕ್ಕೆ ಶನಿವಾರ ಸಂಜೆ ಹೇಳಿ ಬರ್ಬೇಕಪ್ಪ,” ಎಂದಳು. “ಬುಡಕ್ಕೆ ಅರಿಶಿನದ ಅಕ್ಕಿ ಹಾಕು. ಇಂಥೋನ ಈಲಿಗೋಸ್ಕರ ನಾಳೆ ಬೆಳಿಗ್ಗೆ ಬರ್ತೀನಿ ಅಂತ ಬಾಯ್ಬಿಟ್ಟು ಹೆಸ್ರು ಹೇಳು. ಹೇಳ್ದೆ ಕಿತ್ರೆ ಅದು ಬರೀ ಸೊಪ್ಪು. ಒಂದ್ಸಲ ಹೇಳಿದ್ರೆ ಮೂರು ಭಾನುವಾರಕ್ಕೂ ನಡೀತದೆ. ಕುಡ್ದು ಹೋಗೋವಾಗ ಹಿಂದಕ್ ತಿರುಗ್ಬೇಡ. ಒಂದೂವರೆ ತಿಂಗ್ಳು ಉಪ್ಪು, ಎಣ್ಣೆ, ಸಿಹಿ ಬಿಡು.”

“ಹೆಸರು ಹೇಳೋದು ನನ್ನ ಕಸುಬೇ ಅಜ್ಜಿ,” ಎಂದೆ, ಸ್ವಲ್ಪ ಜಂಬದಿಂದ.

“ಸರ್ಯಾಗಿ ಹೇಳು. ಯಾರ್ ಹೆಸ್ರು ಹೇಳ್ತೀಯೋ ಔಸ್ದಿ ಅವ್ರಿಗೇ ಹೋಗ್ತದೆ,” ಎಂದಳು.

ಶನಿವಾರ ಸಂಜೆ ತೋಪಿನ ಅಂಚಿನಲ್ಲಿ ಗಿಡ ಸಿಕ್ಕಿತು. ಗೇಣುದ್ದದ ಪುಟ್ಟ ಗಿಡ, ಎಲೆಗಳ ಅಡಿಯಲ್ಲಿ ಸಾಸಿವೆಯಷ್ಟು ಗಾತ್ರದ ಕಾಯಿಗಳ ಸಾಲು. ಸುತ್ತ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅಕ್ಕಿ ಹಾಕಿ, ಕುಕ್ಕರಗಾಲಲ್ಲಿ ಕೂತು, ಗಂಟಲು ಸರಿಮಾಡಿಕೊಂಡು “ನಾಳೆ ಬೆಳಿಗ್ಗೆ ಬರ್ತೀನಿ” ಎನ್ನುವಷ್ಟರಲ್ಲಿ ಹಿಂದೆ ಬೈಕು ನಿಂತಿತು. ನೋಡಿದರೆ ಸೈಟು ಬ್ರೋಕರ್ ನಾಗರಾಜ. ಅವನಿಗೆ ಗೊತ್ತಾಯಿತೆಂದರೆ ನೋಂದಣಿ ಕಚೇರಿಯ ಸಾಲಿಗೆಲ್ಲ ಗೊತ್ತಾಯಿತೆಂದೇ ಅರ್ಥ.

“ಏನ್ ಸಾರ್, ಗಿಡದ ಹತ್ರ ಮಾತಾಡ್ತಿದ್ದೀರ? ಯಾರಿಗೆ ಔಷಧಿ?”

ಆ ಕ್ಷಣದಲ್ಲಿ ನಾನು ಮಾಡಿದ ಕೆಲಸವನ್ನು ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ರತ್ನಳ ತಮ್ಮ ವೆಂಕಟೇಶ ಅನುಗೊಂಡನಹಳ್ಳಿಯಲ್ಲಿದ್ದಾನೆ, ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಶನಿವಾರ ಒಂದಿಷ್ಟು ಹಾಕುತ್ತಾನೆಂದು ಎಲ್ಲರಿಗೂ ಗೊತ್ತಿರುವುದರಿಂದ ಅವನಿಗೆ ಹೊಸದಾಗಿ ಹೋಗುವ ಮಾನವೇನೂ ಇಲ್ಲವೆಂದು ತೀರ್ಮಾನಿಸಿದೆ. ಗಿಡದ ಕಡೆಗೆ ಮುಖ ಮಾಡಿಯೇ, ಇಪ್ಪತ್ತೇಳು ವರ್ಷದ ಅಭ್ಯಾಸಬಲದಿಂದ, “ವೆಂಕಟೇಶ ಬಿನ್ ಪಾಪಣ್ಣ, ಅನುಗೊಂಡನಹಳ್ಳಿ ವಾಸಿ, ಈತನ ಈಲಿಗಾಗಿ” ಎಂದುಬಿಟ್ಟೆ. ನಾಗರಾಜ “ಅಯ್ಯೋ ಪಾಪ” ಎಂದು ಹೊರಟುಹೋದ. ನಾನು ತಿರುಗಿ ನೋಡಿದಾಗ ಗಿಡದ ಎಲೆಗಳೆಲ್ಲ ಜೋಡಿಜೋಡಿಯಾಗಿ ಮಡಚಿಕೊಂಡಿದ್ದವು. ನೆಲನೆಲ್ಲಿ ಸಂಜೆಯಾದರೆ ಎಲೆ ಮಡಚುತ್ತದೆ, ಅದು ನನಗೂ ಗೊತ್ತು. ಆದರೂ ಮೊಹರು ಒತ್ತಿ ಕಡತ ಮುಚ್ಚುವ ಗುಮಾಸ್ತನ ನೆನಪಾಗಿ, ನನ್ನ ಹೆಸರನ್ನು ಹೇಳಲು ಬಾಯಿಯೇ ಬರಲಿಲ್ಲ.

ಭಾನುವಾರ ಸೂರ್ಯ ಹುಟ್ಟುವ ಮುಂಚೆ ಸ್ಕೂಟರನ್ನು ಕವಲಿನಲ್ಲಿ ನಿಲ್ಲಿಸಿ ನಡೆದುಹೋದೆ. ಚಾಚಿದ ಕೈಯೇ ಕಾಣದಂಥ ಮಂಜು. ಆ ಗಿಡದಿಂದ ಕಿತ್ತು ತಂದ ಸೊಪ್ಪನ್ನು ಅಜ್ಜಿ ಅರೆದು ಹಾಲಿಗೆ ಹಾಕಿ ಕೊಟ್ಟಳು. “ಹೆಸ್ರು ಹೇಳ್ದೇನಪ್ಪ?” ಎಂದು ಕೇಳಿದಳು. “ಹೇಳ್ದೆ ಅಜ್ಜಿ,” ಎಂದೆ. ಅದು ಸುಳ್ಳಲ್ಲ. ಕುಡಿದು ಹೊರಟೆ. ತೋಪಿನ ನಡುವೆ ಬಂದಾಗ ಹಿಂದೆ ಒಣಎಲೆಗಳ ಮೇಲೆ ಹೆಜ್ಜೆ ಕೇಳಿಸಿತು. ನಾನು ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಅಜ್ಜಿಯ ಮೇಕೆ ಇರಬೇಕೆಂದುಕೊಂಡು, ಹಿಂದೆ ತಿರುಗದೆ, ಬೆವರು ಸುರಿಸುತ್ತ ಕವಲಿಗೆ ಬಂದೆ. ಆ ಹೆಜ್ಜೆ ನನ್ನನ್ನು ದಾಟಿ, ಹೊಸಕೋಟೆಯ ಕಡೆ ತಿರುಗದೆ, ಮಂಜಿನಲ್ಲಿ ಅನುಗೊಂಡನಹಳ್ಳಿಯ ಕಡೆ ಹೋಯಿತು. ಏನೂ ಕಾಣಿಸಲಿಲ್ಲ.

ಮಾರನೆಯ ದಿನ ವೆಂಕಟೇಶ ಬೇರೇನೋ ವಿಷಯಕ್ಕೆ ಫೋನ್ ಮಾಡಿ, ಮಾತಿನ ನಡುವೆ, “ಭಾವ, ನೆನ್ನೆಯಿಂದ ಬಾಯೆಲ್ಲ ಕಹಿ ಕಹಿ,” ಎಂದ. ಕುಡಿದವನು ನಾನು, ಕಹಿ ಅವನಿಗೆ! ಅಲ್ಲಿಂದ ಶುರುವಾಯಿತು. ನಾನು ಮನೆಯಲ್ಲಿ ಉಪ್ಪಿಲ್ಲದ ಸೊಪ್ಪಿನ ಸಾರಿಗೆ ಮುದ್ದೆ ಅದ್ದಿ ಕಣ್ಣೀರಿನ ಉಪ್ಪಿನಲ್ಲೇ ನುಂಗುತ್ತಿದ್ದರೆ, ಅವನ ಪ್ಯಾಂಟು ಸಡಿಲವಾಗುತ್ತಿತ್ತು. ನಾನು ಕೆರೆ ಏರಿಯ ಮೇಲೆ ನಡೆದು ಮಂಡಿ ಹಿಡಿದುಕೊಂಡರೆ ಅವನ ಮುಖಕ್ಕೆ ಕಳೆ ಬರುತ್ತಿತ್ತು. “ನಿನ್ ತಮ್ಮ ಮದುವೆ ಗಂಡಿನ ಹಾಗಾಗಿದ್ದಾನೆ,” ಎಂದರೆ ರತ್ನ, “ನಿಮಗ್ಯಾಕೆ ಹೊಟ್ಟೆಕಿಚ್ಚು?” ಎಂದು ಗದರಿದಳು. ಎರಡನೆಯ ಭಾನುವಾರವೂ ಹೆಜ್ಜೆ ಕವಲಿನವರೆಗೆ ಬಂದು ಅನುಗೊಂಡನಹಳ್ಳಿಗೇ ಹೋಯಿತು. ಮೂರನೆಯದೂ ಅಷ್ಟೇ, ಅದಕ್ಕೆ ದಾರಿ ಚೆನ್ನಾಗಿ ರೂಢಿಯಾದಂತಿತ್ತು.

ಪರೀಕ್ಷಿಸದೆ ಬಿಡುವ ಜಾತಿ ನನ್ನದಲ್ಲ. ಒಂದು ಮಧ್ಯಾಹ್ನ ಮಳಿಗೆಯಲ್ಲಿ ಯಾರೂ ಇಲ್ಲದಾಗ, ಕೇವಲ ಸತ್ಯಶೋಧನೆಗಾಗಿ, ಪಾರ್ಟಿಯೊಬ್ಬರು ಕೊಟ್ಟ ಮೈಸೂರುಪಾಕಿನ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡೆ. ಅರ್ಧ ಗಂಟೆಯಲ್ಲಿ ವೆಂಕಟೇಶನ ಫೋನು. “ಭಾವ, ವಿಚಿತ್ರ ನೋಡಿ. ಏನೂ ತಿಂದಿಲ್ಲ, ಬಾಯಿ ತುಂಬ ತುಪ್ಪ ತುಪ್ಪ ಅಂತಿದೆ. ವಾಂತಿ ಬರೋ ಹಾಗಿದೆ.” ಬೇಸಿಗೆಯ ಆ ಮಧ್ಯಾಹ್ನ ನನಗೆ ಚಳಿ ಹಿಡಿಯಿತು. ಅಂದು ಸಂಜೆ ಕದ ಹಾಕುವಾಗ ಮಳಿಗೆಯ ಹೊಸ್ತಿಲ ಸಿಮೆಂಟಿನ ಬಿರುಕಿನಲ್ಲಿ ಒಂದು ನೆಲನೆಲ್ಲಿ ಸಸಿ ತಲೆಯೆತ್ತಿರುವುದು ಕಂಡಿತು. ಅದು ಎಲ್ಲೆಂದರಲ್ಲಿ ಹುಟ್ಟುವ ಕಳೆ, ನಿಜ. ಆದರೆ ಆ ಸಾಲಿನಲ್ಲಿ ಹನ್ನೊಂದು ಮಳಿಗೆಗಳಿವೆ, ಹನ್ನೊಂದು ಹೊಸ್ತಿಲುಗಳಿವೆ. ಕೀಳಲು ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡೆ.

ಮೂರು ತಿಂಗಳಾದ ಮೇಲೆ ನನ್ನ ಸ್ಕ್ಯಾನಿನಲ್ಲಿ ಅದೇ ಬೂದು ಮೋಡ. ಡಾಕ್ಟರಮ್ಮ, “ಏನೂ ಕಮ್ಮಿ ಆಗಿಲ್ಲ. ಹೀಗೇ ಆದ್ರೆ ನಾನು ಜವಾಬ್ದಾರಳಲ್ಲ,” ಎಂದರು. ಅದೇ ವಾರ ವೆಂಕಟೇಶ ಕಾರ್ಖಾನೆಯ ವಾರ್ಷಿಕ ತಪಾಸಣೆಯ ವರದಿ ಹಿಡಿದು ಮನೆಗೆ ಬಂದ. ಹೋದ ವರ್ಷ ಅವನದೂ ಕೊಬ್ಬಿನ ಲಿವರೇ ಆಗಿತ್ತಂತೆ, ಈ ಸಲ ಶುದ್ಧ. ರತ್ನ ತಮ್ಮನಿಗೆ ದೃಷ್ಟಿ ತೆಗೆದಳು. ನಾನು ಅಪ್ಪನ ಪಟದ ಕೆಳಗೆ ಕೂತಿದ್ದೆ. ಅಪ್ಪನ ವಯಸ್ಸಿಗೆ ನನಗೆ ಉಳಿದಿರುವುದು ಎರಡೇ ವರ್ಷ ಎಂಬುದು ಅಂದು ಮೊದಲ ಸಲ ಗಟ್ಟಿಯಾಗಿ ತಟ್ಟಿತು. ನನಗೆ ಭಯವಾಯಿತು. ಬೇರೆ ಮಾತಿನಲ್ಲಿ ಅದನ್ನು ಮುಚ್ಚಿಡಲಾರೆ.

ಮರುದಿನವೇ ಅಜ್ಜಿಯ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಹೆಸ್ರು ಆದೋನು ಬಂದು ಬಿಟ್ಕೊಡ್ಬೇಕು ಕಣಪ್ಪ. ನೀನೊಬ್ನೇ ಹೇಳಿದ್ರೆ ನಡ್ಯಲ್ಲ,” ಎಂದಳು. ತಿದ್ದುಪಡಿ ಪತ್ರಕ್ಕೆ ಎರಡೂ ಪಾರ್ಟಿ ಹಾಜರಿರಬೇಕೆಂದು ನಾನು ಎಷ್ಟು ಜನರನ್ನು ವಾಪಸ್ಸು ಕಳಿಸಿದ್ದೇನೋ! ಹೊರಡುವಾಗ, “ಅಜ್ಜಿ, ನಿಮ್ಮ ಮೇಕೆ ಮನುಷ್ಯರ ಹಿಂದೆ ಬರುತ್ತಲ್ಲ?” ಎಂದೆ.

“ಯಾವ್ ಮೇಕೆ? ನನ್ ಮೇಕೆ ಸತ್ತು ಎರಡ್ ವರ್ಷ ಆಯ್ತು,” ಎಂದಳು.

ವೆಂಕಟೇಶನಿಗೆ ಹೇಳುವುದು ಪಥ್ಯಕ್ಕಿಂತ ಕಷ್ಟವಾಯಿತು. ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಹೆಸರು ಕೆಡಿಸಿದೆ ಕಣೋ ಎಂದೆ. “ಹಂಗಾದ್ರೆ ಅದು ನೀವಾ ಭಾವ? ಆ ಭಾನುವಾರ ನಾಗರಾಜ ಸಿಕ್ಕಿ, ನಿನ್ ಲಿವರ್ ಹೋಗಿದೆಯಂತೆ, ಮಕ್ಳು ಚಿಕ್ಕೋರು ಕಣಪ್ಪ, ಕುಡಿಯೋದ್ ಬಿಡು ಅಂದ. ಡಾಕ್ಟ್ರಿಗೆ ಗೊತ್ತಿರೋದು ಊರಿಗೆ ಹೆಂಗ್ ಗೊತ್ತಾಯ್ತು ಅಂತ ಜೀವ ಬಾಯಿಗ್ ಬಂತು. ಅವತ್ತೇ ಎಣ್ಣೆ ಬಿಟ್ಟೆ, ಬಿರಿಯಾನಿ ಬಿಟ್ಟೆ. ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡೀತಿದ್ದೆ, ಅದಕ್ಕೇ ಬಾಯಿ ಕಹಿ. ಅಕ್ಕಂಗೆ ಗೊತ್ತಾಗ್ಬಾರ್ದು ಅಂತ ಹೇಳ್ಲಿಲ್ಲ.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲಕ್ಕೂ ಕಾರಣವಿತ್ತು. ನನ್ನ ಲಿವರ್ ಇಳಿಯದಿದ್ದುದಕ್ಕೂ ಕಾರಣವಿತ್ತು. ಸತ್ಯಶೋಧನೆ ಒಂದೇ ದಿನಕ್ಕೆ ನಿಂತಿರಲಿಲ್ಲ, ವಾರಕ್ಕೆ ನಾಲ್ಕು ಸಲ ನಡೆಯುತ್ತಿತ್ತು ಎಂಬುದನ್ನು ಇಲ್ಲಿಯವರೆಗೆ ನಿಮಗೂ ಹೇಳಿರಲಿಲ್ಲ. “ಆ ತುಪ್ಪದ ವಿಷಯ?” ಎಂದು ಕೇಳಿದೆ. ವೆಂಕಟೇಶ ನನ್ನ ಮುಖವನ್ನೇ ನೋಡಿ, “ಅದು ಮಾತ್ರ ಗೊತ್ತಿಲ್ಲ ಭಾವ,” ಎಂದ.

ಶನಿವಾರ ಸಂಜೆ ಇಬ್ಬರೂ ತೋಪಿನಂಚಿಗೆ ಹೋದೆವು. ನಾನು ಮಾಡಿದ್ದೆಲ್ಲ ತಿಳಿದೂ ಕರೆದೊಡನೆ ಬಂದಿದ್ದ, ಅದನ್ನು ಮರೆಯಲಾರೆ. ಕತ್ತಲಾಗುತ್ತಿತ್ತು, ಸುತ್ತಲಿನ ಗಿಡಗಳೆಲ್ಲ ಎಲೆ ಮಡಚಿದ್ದವು, ಒಂದನ್ನು ಬಿಟ್ಟು. ಅದರ ಮುಂದೆ ವೆಂಕಟೇಶ ಕೈಮುಗಿದು, “ನಂದು ಬಿಟ್ಕೊಟ್ಟಿದ್ದೀನಮ್ಮ, ನಮ್ಮ ಭಾವನ್ನ ಉಳಿಸ್ಕೊಡು,” ಎಂದ. ನಾನು “ನಾರಾಯಣಸ್ವಾಮಿ ಬಿನ್ ಮುನಿಶಾಮಪ್ಪ, ಹೊಸಕೋಟೆ ವಾಸಿ” ಎಂದೆ. ಎಲೆಗಳು ಮಡಚಿದವು. ಅಷ್ಟು ಹೊತ್ತಿಗೆ ಹಿಂದೆ ಬೈಕು ನಿಂತಿತು. ನಾಗರಾಜನಿಗೆ ಆ ದಾರಿಯಲ್ಲಿ ಬೇರೆ ಕೆಲಸವೇ ಇಲ್ಲವೇ ಎಂದು ನನಗೆ ಇಂದಿಗೂ ಅನುಮಾನ.

“ಈ ಸಲ ಯಾರಿಗೆ ಸಾರ್?”

“ನನಗೇ ಕಣಯ್ಯ. ನನ್ನ ಲಿವರ್ ಕೆಟ್ಟಿದೆ,” ಎಂದೆ ಎದ್ದು ನಿಂತು.

“ಅಯ್ಯೋ, ನೀವೂ ಹಾಕ್ತೀರಾ ಸಾರ್?” ಎಂದ.

ಸೋಮವಾರದ ಹೊತ್ತಿಗೆ ಸಾಲಿಗೆಲ್ಲ ನಾನು ಕುಡುಕ. ಮಂಗಳವಾರ ನೋಂದಣಿಯಾದ ಪಾರ್ಟಿಯವರು ನನ್ನ ಮುಂದಿನ ಬಿರಿಯಾನಿ ತಟ್ಟೆಯನ್ನು ಮೃದುವಾಗಿ ಎಳೆದುಕೊಂಡು, “ಸಾರ್‌ಗೆ ಮಜ್ಜಿಗೆ ತಂದ್ಕೊಡ್ರಪ್ಪ,” ಎಂದರು. ಅಂದಿನಿಂದ ಎಲ್ಲರೂ ಹಾಗೇ. ಮೂರು ತಿಂಗಳಿಗೆ ಸ್ಕ್ಯಾನಿನ ಮೋಡ ಅರ್ಧಕ್ಕರ್ಧ ತಿಳಿಯಾಗಿತ್ತು. “ಏನ್ ಮಾಡಿದ್ರಿ?” ಎಂದು ಡಾಕ್ಟರಮ್ಮ ಕೇಳಿದರು. ಮಾನ ಕಳೆದುಕೊಂಡೆ ಎಂದರೆ ಚೀಟಿಯಲ್ಲಿ ಬರೆಯಲು ಅವರಿಗೆ ತೊಂದರೆಯೆಂದು, “ಸೊಪ್ಪು ತಿಂದೆ,” ಎಂದೆ.

ಮೊನ್ನೆ ಮಾತ್ರ, ಹೊಸಬರಾದ ಪಾರ್ಟಿಯೊಬ್ಬರು ನನ್ನ ಕೀರ್ತಿ ತಿಳಿಯದೆ ಮೈಸೂರುಪಾಕಿನ ಡಬ್ಬಿ ಕೊಟ್ಟುಹೋದರು. ಷಟರನ್ನು ಅರ್ಧಕ್ಕೆ ಎಳೆದು ಒಂದು ತುಂಡಿನಲ್ಲಿ ಅರ್ಧವನ್ನು ಬಾಯಿಗಿಟ್ಟುಕೊಂಡೆ. ಫೋನು ಬಡಿದುಕೊಂಡಿತು. ವೆಂಕಟೇಶ.

“ಭಾವ, ಏನಾದ್ರೂ ತಿಂತಿದ್ದೀರಾ?”

“ಇಲ್ಲಪ್ಪ,” ಎಂದೆ, ತುಂಬಿದ ಬಾಯಲ್ಲಿ.

“ಸರಿ ಬಿಡಿ,” ಎಂದ ಅವನು, ಯಾಕೋ ನಿಧಾನವಾಗಿ. ಷಟರಿನ ಕೆಳಗಿನಿಂದ ಹೊಸ್ತಿಲು ಕಾಣುತ್ತಿತ್ತು. ಮಧ್ಯಾಹ್ನ ಎರಡು ಗಂಟೆಯ ಸುಡುಬಿಸಿಲಿನಲ್ಲಿ ಆ ಬಿರುಕಿನ ನೆಲನೆಲ್ಲಿ ಎಲೆಗಳನ್ನೆಲ್ಲ ಮಡಚಿಕೊಂಡು ನಿಂತಿತ್ತು. ಉಳಿದರ್ಧವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, “ತಿಂದೆ, ಅರ್ಧ ತುಂಡು, ಇನ್ನು ತಿನ್ನಲ್ಲ,” ಎಂದು ಒಪ್ಪಿಕೊಂಡೆ. ಅಷ್ಟರಲ್ಲಿ ವೆಂಕಟೇಶ ಫೋನ್ ಇಟ್ಟಾಗಿತ್ತು. ಆದರೂ ಯಾವುದಕ್ಕೂ ಇರಲಿ ಎಂದು ಹೊಸ್ತಿಲ ಕಡೆ ಬಗ್ಗಿ, ತಿಂದವನ ಹೆಸರು, ತಂದೆಯ ಹೆಸರು, ವಾಸದ ಊರು ಮೂರನ್ನೂ ಸ್ಪಷ್ಟವಾಗಿ ಹೇಳಿದೆ.