ಮುಖ್ಯ ವಕೀಲರು ಯಾರು?

ಎಲ್ಲ ರಗಳೆಗೂ ಕಾರಣ ಒಂದು ಚೌಕ. ಬೆಂಕಿಪೊಟ್ಟಣದಷ್ಟು ಅಗಲದ್ದು. ಅದರ ತಲೆಯ ಮೇಲೆ ‘ಪ್ರಕರಣದ ಮುಖ್ಯ ವಕೀಲರು’ ಎಂದು ಅಚ್ಚಾಗಿತ್ತು. ಒಳಗೆ ಒಂದೇ ಹೆಸರಿಗೆ ಜಾಗ. ಆ ಕಚೇರಿಯಲ್ಲಿ ಮುಖ್ಯರು ಮೂವರಿದ್ದರು.

ವರ್ಷಕ್ಕೊಮ್ಮೆ ಒಂದು ದಪ್ಪ ಕೈಪಿಡಿ ಬರುತ್ತದೆ. ಯಾವ ವಕೀಲರ ಕಚೇರಿ ಮೊದಲ ದರ್ಜೆಯದು, ಯಾವುದು ಎರಡನೆಯದು, ಯಾವುದು ಲೆಕ್ಕಕ್ಕೇ ಇಲ್ಲದ್ದು ಎಂದು ಅದರಲ್ಲಿ ಪಟ್ಟಿ. ಅದರೊಳಗೆ ನುಗ್ಗಬೇಕಾದರೆ ವರ್ಷದ ದೊಡ್ಡ ಕೇಸುಗಳನ್ನು ಬರೆದು, ತಮ್ಮ ಬಗ್ಗೆ ಒಳ್ಳೆಯ ಮಾತಾಡುವ ಕಕ್ಷಿದಾರರ ಫೋನ್ ನಂಬರು ಸೇರಿಸಿ ಅರ್ಜಿ ಕಳಿಸಬೇಕು. ಕೈಪಿಡಿಯವರು ಆ ಕಕ್ಷಿದಾರರನ್ನೇ ವಿಚಾರಿಸುತ್ತಾರೆ. ನಮ್ಮ ಈ ಕಚೇರಿ ಆರು ವರ್ಷದಿಂದ ಮೂರನೆಯ ದರ್ಜೆಯಲ್ಲಿ ಕೂತು ಬೇರು ಬಿಟ್ಟಿತ್ತು. ಈ ಸಲದ ಗಡುವು ಇವತ್ತು ಸಂಜೆ ಐದು ಗಂಟೆ. ಎರಡು ತಿಂಗಳಿಂದ ಗೊತ್ತಿದ್ದ ಗಡುವು. ಆದರೆ ಕಪ್ಪು ಕೋಟಿನ ದೊಡ್ಡ ಮನುಷ್ಯರು ಎರಡು ತಿಂಗಳ ಕೆಲಸವನ್ನು ಯಾವಾಗ ಶುರು ಮಾಡುತ್ತಾರೆ? ಕೊನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ. ಯಾರ ತಲೆಯ ಮೇಲೆ? ಟಪಟಪನ ತಲೆಯ ಮೇಲೆ.

ಟಪಟಪ ಎಂದರೆ ಅಲ್ಲಿಯ ಟೈಪಿಸ್ಟು. ಹನ್ನೊಂದು ವರ್ಷ ಆ ಕೀಲಿಮಣೆ ಕುಟ್ಟಿ ಕುಟ್ಟಿ ಆ ಸದ್ದೇ ಅವನ ಹೆಸರಾಗಿಬಿಟ್ಟಿತ್ತು. ಅವನಿಗೂ ಇವತ್ತು ಒಂದು ಗಡುವಿತ್ತು. ಎದುರು ಕಟ್ಟಡದ ವಕೀಲರು ಅವನನ್ನು ಮ್ಯಾನೇಜರ್ ಕೆಲಸಕ್ಕೆ ಕರೆದಿದ್ದರು. ಸ್ವಂತ ಕೋಣೆ, ಆ ಕೋಣೆಗೆ ಮುಚ್ಚಿಕೊಳ್ಳಬಹುದಾದ ಬಾಗಿಲು! ಷರತ್ತು ಒಂದೇ: ಸಂಜೆ ಆರರೊಳಗೆ ಹಳೆಯ ಕಚೇರಿಯ ಬಿಡುಗಡೆ ಪತ್ರ ತಂದು ಕೊಡಬೇಕು. ಇಲ್ಲದಿದ್ದರೆ ಇನ್ನೊಬ್ಬ ಅಲ್ಲೇ ಬೆಂಚಿನ ಮೇಲೆ ಕಾಯುತ್ತಿರುತ್ತಾನೆ. ಇಲ್ಲಿಯ ಕರಾರಿನ ಪ್ರಕಾರವೋ, ಮೂರು ತಿಂಗಳು ಮೊದಲೇ ತಿಳಿಸದೆ ಬಿಡುವಂತಿಲ್ಲ. ಕಚೇರಿಯ ಯಜಮಾನರಾದ ದೊಡ್ಡವರು ಮನಸ್ಸು ಮಾಡಿದರೆ ಮಾತ್ರ ಅದು ಮಾಫಿ.

“ಹೋಗೋದಾದ್ರೆ ಹೋಗಯ್ಯ, ನಾನೇನು ನಿನ್ನ ಕಟ್ಟಿಹಾಕ್ಕೊಂಡಿದ್ದೀನಾ?” ಎಂದಿದ್ದರು ದೊಡ್ಡವರು, ಬೆಳಿಗ್ಗೆ. “ಐದರೊಳಗೆ ಅರ್ಜಿ ಹೋಗ್ಲಿ. ಐದು ಗಂಟೆ ಒಂದು ನಿಮಿಷಕ್ಕೆ ಸಹಿ ಹಾಕ್ತೀನಿ. ಹೋಗ್ಲಿಲ್ವೋ, ಮೂರು ತಿಂಗಳು ಇಲ್ಲೇ ಕೊಳೀತಿರು.”

ದೊಡ್ಡವರ ತಂಗಿ ಮೇಡಂ, ಅಳಿಯ ಕನ್ನಡಕದವರು. ಇಬ್ಬರೂ ಪಾಲುದಾರರು. ಇಬ್ಬರೂ ಆ ಮಾತು ಕೇಳಿ ತಲೆಯಾಡಿಸಿದ್ದರು.

ಮೊದಲ ಕೇಸಿಗೇ ಗಾಡಿ ಕೆಸರಿನಲ್ಲಿ ಸಿಕ್ಕಿಬಿತ್ತು.

“ಅಣೆಕಟ್ಟಿನ ಕೇಸು ಹಾಕು,” ಎಂದರು ದೊಡ್ಡವರು.

“ಸಾರ್, ಅದು ಎಂಟು ವರ್ಷದ ಹಿಂದಿನದು. ಹೋದ ಹನ್ನೆರಡು ತಿಂಗಳದ್ದು ಮಾತ್ರ ಬರೀಬೇಕಂತೆ.”

“ಗೆದ್ದ ಕೇಸಿಗೆ ವಯಸ್ಸಾಗುತ್ತೇನೋ?”

“ಕೈಪಿಡಿಯವರಿಗೆ ಆಗುತ್ತಂತೆ ಸಾರ್.”

ಅಣೆಕಟ್ಟು ಹೋಗಿ ಸಿಮೆಂಟು ಕಾರ್ಖಾನೆ ಬಂತು. ಚೌಕದಲ್ಲಿ ಕರ್ಸರು ಮಿಣುಕುತ್ತಿತ್ತು. ಟಪಟಪ ಕತ್ತೆತ್ತಿ ಕೇಳಿದ: “ಮುಖ್ಯ ವಕೀಲರು ಯಾರು ಅಂತ ಹಾಕ್ಲಿ?”

“ನಾನು,” ಎಂದಿತು ಮೂರು ಬಾಯಿ.

“ವಾದ ಮಾಡಿದ್ದು ನಾನು ಅತ್ತೆ,” ಎಂದ ಅಳಿಯ.

“ಮುಂದಿನ ದಿನಾಂಕ ಕೊಡಿ ಅಂತ ಕೇಳಿದ್ದನ್ನ ವಾದ ಅಂತೀಯೇನೋ?” ಎಂದರು ಮೇಡಂ.

“ಹೊರಗಿನ ಬೋರ್ಡು ಯಾರದು?” ಎಂದು ದೊಡ್ಡವರು ಮೇಜು ಗುದ್ದಿದರು.

ಟಪಟಪ ಒಂದು ಹೆಸರು ಹೊಡೆದ, ಅಳಿಸಿದ, ಇನ್ನೊಂದು ಹೊಡೆದ. ಹನ್ನೊಂದು ಗಂಟೆಯ ಹೊತ್ತಿಗೆ ಆ ಒಂದೇ ಚೌಕದಲ್ಲಿ ಹದಿನಾಲ್ಕು ಸಲ ಮಾಲೀಕರು ಬದಲಾಗಿದ್ದರು. ಬಾಡಿಗೆ ಕೊಡದವನ ಮನೆ ಸಾಮಾನಿನ ಹಾಗೆ ಹೆಸರುಗಳು ಬೀದಿಗೆ ಬೀಳುತ್ತಿದ್ದವು. ಹನ್ನೆರಡಕ್ಕೆ ಹೆಂಡತಿಯ ಫೋನು.

“ಸಿಕ್ತೇನ್ರೀ ಪತ್ರ?”

“ಇನ್ನೂ ಇಲ್ಲ ಕಣೆ. ಒಂದನೇ ಕೇಸಲ್ಲೇ ಇದ್ದೀವಿ.”

“ಒಟ್ಟು ಎಷ್ಟು?”

“ಹದಿನೆಂಟು.”

ಆ ಕಡೆಯವಳು ಫೋನು ಇಟ್ಟುಬಿಟ್ಟಳು.

ಕೊನೆಗೆ ಅವನೇ ಹೆದರುತ್ತ ಹೇಳಿದ, “ತಲೆಗೆ ಆರಾರು ಕೇಸು ಹಂಚ್ಕೊಂಡ್ರೆ? ಚೀಟಿ ಎತ್ತೋಣ ಸಾರ್.” ನ್ಯಾಯ ಅನ್ಯಾಯ ಎಂದು ಜೀವಮಾನವೆಲ್ಲ ಗಂಟಲು ಹರಿದುಕೊಂಡ ಮೂವರು ಕಸದ ಬುಟ್ಟಿಗೆ ಕೈ ಹಾಕಿ ಚೀಟಿ ಎತ್ತಿದರು. ಮೇಡಂ ಕಾಲಿಟ್ಟೂ ನೋಡದ ಕೋರ್ಟಿನಲ್ಲಿ ಮೇಡಂ ಗೆದ್ದರು. ಅಳಿಯ ಇನ್ನೂ ಓದುತ್ತಿದ್ದ ಕಾಲದಲ್ಲಿ ಶುರುವಾದ ಕೇಸಿಗೆ ಅಳಿಯನೇ ಮುಖ್ಯನಾದ. ನಾಚಿಕೆ ಎಂಬುದು ಆ ಬುಟ್ಟಿಯ ತಳದಲ್ಲೇ ಉಳಿಯಿತು.

ಎರಡೂವರೆಗೆ ಮೇಡಂ ಕೇಳಿದರು, “ಕಕ್ಷಿದಾರರಿಗೆಲ್ಲ ಹೇಳಿದ್ದೀರಾ, ಫೋನ್ ಬರುತ್ತೆ ಅಂತ?”

ಯಾರೂ ಹೇಳಿರಲಿಲ್ಲ. ಮೂವರೂ ಟಪಟಪನ ಕಡೆ ತಿರುಗಿದರು. ಪಟ್ಟಿಯಲ್ಲಿ ಹನ್ನೆರಡು ಜನ. ಅವನು ಎಡಗೈಯಲ್ಲಿ ಫೋನ್ ಹಿಡಿದು ಬಲಗೈಯಲ್ಲಿ ಟೈಪು ಮಾಡತೊಡಗಿದ.

“ಯಾರು, ಟಪಟಪನಾ? ದಿನಾಂಕ ಮುಂದಕ್ಕೆ ಹೋಯ್ತಾ?” ಎಂದ ಹಿಟ್ಟಿನ ಗಿರಣಿಯವನು.

“ಇಲ್ಲಣ್ಣ. ಕೈಪಿಡಿಯವರು ಫೋನ್ ಮಾಡ್ತಾರೆ. ನಮ್ಮ ದೊಡ್ಡವರ ಬಗ್ಗೆ ಎರಡು ಒಳ್ಳೆ ಮಾತು ಹೇಳ್ಬಿಡಿ.”

“ದೊಡ್ಡವರು ಅಂದ್ರೆ, ಆ ಕನ್ನಡಕದವ್ರಾ?”

“ಅಲ್ಲಣ್ಣ, ಅವ್ರು ಅಳಿಯಂದ್ರು. ದೊಡ್ಡವರು ಎತ್ತರ. ತಲೇಲಿ ಕೂದಲಿಲ್ಲ. ಎಡಗೆನ್ನೆ ಮೇಲೆ ಮಚ್ಚೆ.”

“ಏನಪ್ಪ, ತಪ್ಪಿಸ್ಕೊಂಡ ಕಳ್ಳನ ಗುರುತು ಹೇಳ್ದಂಗೆ ಹೇಳ್ತೀಯ! ಆಯ್ತು, ನೀನು ಕೇಳಿದ್ಮೇಲೆ ಹೇಳ್ದೇ ಇರ್ತೀನಾ?”

ಬಟ್ಟೆ ಅಂಗಡಿಯ ಅಕ್ಕ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. “ಹೊಗಳ್ಬೇಕಾ? ನಾನು ಸೋತವಳಲ್ವೇನೋ?”

“ಸೋತಿಲ್ಲಕ್ಕ, ರಾಜಿ ಆಯ್ತಲ್ಲ.”

“ಆ ರಾಜೀಲಿ ಅರ್ಧ ಅಂಗಡಿ ಹೋಯ್ತು!”

“ಅರ್ಧ ಉಳೀತಲ್ಲಕ್ಕ. ದಮ್ಮಯ್ಯ, ಇವತ್ತೊಂದು ದಿನ ನನ್ನ ಮರ್ಯಾದೆ ಉಳಿಸು.”

“ಹೋಗ್ಲಿ ಬಿಡು. ನಿನ್ನ ಮುಖ ನೋಡ್ಕೊಂಡು ಹೇಳ್ತೀನಿ.”

ಹನ್ನೆರಡನೆಯವರು ಒಪ್ಪುವಾಗ ಗಂಟೆ ನಾಲ್ಕೂವರೆ. ಟಪಟಪ ಕೊನೆಯ ಸಲ ಅರ್ಜಿಯ ಮೇಲೆ ಕಣ್ಣಾಡಿಸಿದ. ಒಂಬತ್ತನೆಯ ಕೇಸಿಗೆ ಬರುವಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಆ ಅರ್ಜಿಗೆ ಎರಡು ಭಾಗ: ಅಚ್ಚು ಹಾಕಬಹುದಾದ ಕೇಸುಗಳು, ಕೈಪಿಡಿಯವರು ಓದಿ ಬಾಯಿ ಮುಚ್ಚಿಕೊಂಡಿರಬೇಕಾದ ಗುಟ್ಟಿನ ಕೇಸುಗಳು. ಬಸ್ಸಿನ ಕಂಪನಿಯೊಂದು ಯಾರಿಗೂ ತಿಳಿಯದಂತೆ ಮಾರಾಟವಾಗುತ್ತಿತ್ತು. ಅದರ ಕತೆ, ಕೊಳ್ಳುವವರ ಹೆಸರಿನ ಸಮೇತ, ಅಚ್ಚಿನ ಭಾಗದಲ್ಲಿ ಕಾಲು ಚಾಚಿ ಮಲಗಿತ್ತು.

“ಇದನ್ನ ಇಲ್ಲಿ ಯಾರು ಹಾಕಿದ್ದು?” ಅವನ ದನಿ ಕೀರಲಾಯಿತು.

“ನಿನಗೆ ಸಹಾಯ ಆಗ್ಲಿ ಅಂತ ನಾನೇ...” ಎಂದ ಅಳಿಯ.

“ಇದು ಅಚ್ಚಾದ್ರೆ ಬಸ್ಸಿನವರು ನಮ್ಮ ಮೇಲೇ ಕೇಸು ಹಾಕ್ತಾರೆ!” ಮೇಡಂ ಎದ್ದು ನಿಂತರು.

ದೊಡ್ಡವರು ಗುಡುಗಿದರು, “ಆ ಕೇಸಿನ ಮುಖ್ಯ ವಕೀಲರು ಯಾರು?”

ಬೆಳಿಗ್ಗೆಯಿಂದ ಮೊದಲ ಸಲ ಯಾರೂ ‘ನಾನು’ ಎನ್ನಲಿಲ್ಲ.

ಅದನ್ನು ಕಿತ್ತು ಗುಟ್ಟಿನ ಭಾಗಕ್ಕೆ ಸೇರಿಸಿದರೆ ಉಳಿದ ಕೇಸುಗಳ ಕ್ರಮಸಂಖ್ಯೆಗಳೆಲ್ಲ ಕೆಟ್ಟವು. ಟಪಟಪ ಒಂದೊಂದನ್ನೂ ತಿದ್ದಿದ. ನಾಲ್ಕು ಐವತ್ತು. ನಾಲ್ಕು ಐವತ್ತಾರು. ಹಿಂದೆ ಮೂರು ಜನರ ಬಿಸಿಯುಸಿರು ಅವನ ಕತ್ತನ್ನು ಬೇಯಿಸುತ್ತಿತ್ತು. ನಾಲ್ಕು ಐವತ್ತೊಂಬತ್ತಕ್ಕೆ ಅರ್ಜಿ ಹೋಯಿತು. ‘ತಲುಪಿದೆ’ ಎಂಬ ಉತ್ತರವೂ ಬಂತು.

“ಸಾರ್, ಪತ್ರ,” ಎಂದು ಅವನು ಕಾಗದ ಮುಂದಿಟ್ಟ.

ಆದರೆ ವಕೀಲರು ಓದದೆ ಸಹಿ ಹಾಕುತ್ತಾರೆಯೇ? ಮೊದಲು ಒಂದು ಅಲ್ಪವಿರಾಮ ಸರಿಯಿಲ್ಲವೆಂದು ವಾಪಸು ಕೊಟ್ಟರು. ಆಮೇಲೆ ‘ಬಿಡುಗಡೆ’ ಎಂದರೆ ಜೈಲಿನಿಂದ ಬಿಟ್ಟ ಹಾಗಿದೆ, ‘ಕಾರ್ಯಮುಕ್ತ’ ಎಂದು ಮಾಡು ಎಂದರು. ಮೂರನೆಯ ಪ್ರತಿ ಮೇಜಿಗೆ ಬರುವಾಗ ಐದೂ ಐವತ್ತು. ದೊಡ್ಡವರು ಪೆನ್ನಿನ ಮುಚ್ಚಳ ತೆಗೆದರು. ನಿಬ್ಬು ಕಾಗದಕ್ಕೆ ತಾಗುವುದರಲ್ಲಿತ್ತು.

ಮೇಜಿನ ಫೋನು ಹೊಡೆದುಕೊಂಡಿತು. ಅಭ್ಯಾಸಬಲದಿಂದ ಟಪಟಪನೇ ಎತ್ತಿದ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ. ಕೈಪಿಡಿಯ ಕಚೇರಿಯ ಹೆಂಗಸು.

“ಅರ್ಜಿ ಸಿಕ್ತು ಸಾರ್. ನಂಬರು ಸರಿಯಿದೆಯಾ ನೋಡೋಣ ಅಂತ ನಿಮ್ಮ ಮೂವರು ಕಕ್ಷಿದಾರರಿಗೆ ಆಗ್ಲೇ ಫೋನ್ ಮಾಡ್ದೆ. ಎಂಥ ಹೊಗಳಿಕೆ ಅಂತೀರಿ! ಫೋನ್ ಮಾಡಿದ್ರೆ ತಕ್ಷಣ ಎತ್ತುತ್ತಾರಂತೆ. ಒಂದು ದಿನಾಂಕಾನೂ ಮರೆಯಲ್ವಂತೆ. ಅರ್ಥ ಆಗದ ಕಾಗದ ಪಕ್ಕದಲ್ಲಿ ಕೂತು ಬಿಡಿಸಿ ಹೇಳ್ತಾರಂತೆ.”

ದೊಡ್ಡವರು ವಿನಯದಿಂದ ತಲೆ ತಗ್ಗಿಸಿದರು. ಮೇಡಂ ಸೆರಗು ಸರಿಮಾಡಿಕೊಂಡರು. ಅಳಿಯ ಕನ್ನಡಕ ಒರೆಸಿಕೊಂಡ.

“ಆದ್ರೆ ಮೂವರೂ ಹೇಳಿದ ಹೆಸರು ನಿಮ್ಮ ಹದಿನೆಂಟು ಚೌಕದಲ್ಲಿ ಒಂದರಲ್ಲೂ ಇಲ್ವಲ್ಲ. ಈ ಟಪಟಪ ಅನ್ನೋರು ಯಾರು ಸಾರ್?”

ದೊಡ್ಡವರ ತಗ್ಗಿದ ತಲೆ ಸರಕ್ಕನೆ ಮೇಲೆದ್ದಿತು.

“ಉಳಿದವರನ್ನ ಮುಂದಿನ ಮೂರು ತಿಂಗಳಲ್ಲಿ ವಿಚಾರಿಸ್ತೀವಿ. ಹೀಗೇ ಇದ್ರೆ ನಿಮಗೆ ಎರಡನೇ ದರ್ಜೆ ಖಂಡಿತ. ಅವರು ನಿಮ್ಮಲ್ಲೇ ಇದ್ದಾರೆ ತಾನೆ?”

ದೊಡ್ಡವರು ಪೆನ್ನಿಗೆ ಮುಚ್ಚಳ ಹಾಕಿದರು. “ಇದ್ದಾರಮ್ಮ. ಇಲ್ಲೇ ಇರ್ತಾರೆ. ಎಲ್ಲಿಗೂ ಹೋಗಲ್ಲ.” ಹನ್ನೊಂದು ವರ್ಷದಲ್ಲಿ ಅವನಿಗೆ ಅವರು ಬಹುವಚನ ಬಳಸಿದ್ದು ಅದೇ ಮೊದಲು.

“ಸಾರ್, ಅರ್ಜಿ ಹೋದ್ರೆ ಸಹಿ ಹಾಕ್ತೀನಿ ಅಂದಿದ್ರಿ!” ಎಂದ ಟಪಟಪ.

“ಅಂದಿದ್ನಾ? ಸಾಕ್ಷಿ ಯಾರೋ?”

ಅವನು ಮೇಡಂ ಕಡೆ ನೋಡಿದ. ಅಳಿಯನ ಕಡೆ ನೋಡಿದ.

“ನನಗೆ ಕೇಳಿಸ್ಲಿಲ್ಲಪ್ಪ,” ಎಂದರು ಮೇಡಂ.

“ನನಗೂ,” ಎಂದ ಅಳಿಯ. ದಿನವಿಡೀ ಕಚ್ಚಾಡಿದವರು ಒಂದೇ ಮಾತಿಗೆ ಬಂದಿದ್ದರು.

ಗಂಟೆ ಆರಾಗುತ್ತಿದ್ದಂತೆ ಕಿಟಕಿಯಾಚೆ, ಎದುರು ಕಟ್ಟಡದ ಎರಡನೆಯ ಮಹಡಿಯಲ್ಲಿ, ಯಾರೋ ಬೆಂಚಿನಿಂದ ಎದ್ದು ಒಂದು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

“ಅಲ್ಲೇನು ನೋಡ್ತೀಯ?” ಎಂದರು ದೊಡ್ಡವರು, ಸಹಿಯಿಲ್ಲದ ಪತ್ರವನ್ನು ಮಗುಚಿ ಅವನತ್ತ ತಳ್ಳುತ್ತ. “ಹಿಂಬದಿ ಖಾಲಿಯಿದೆ, ತಗೋ. ಕೈಪಿಡಿಯವರಿಗೆ ಒಂದು ಧನ್ಯವಾದದ ಕಾಗದದ ಕರಡು ಬರಿ. ಕೆಳಗೆ ನನ್ನ ಹೆಸರು ಹಾಕು.”